ಹೆರಿಗಿ ಆದ ಮ್ಯಾಲಿನ ರಗತಸ್ರಾವ: ಕಣ್ಣಂದಾಜು ಯಾಕ ಕೈ ಕೊಡ್ತೈತಿ, ಪಿಪಿಎಚ್ ನೋಟ್ಸ್

ಪಿಪಿಎಚ್, ಅಂದ್ರ ಹೆರಿಗಿ ಆದ ಮ್ಯಾಲೆ 500 ಎಂಎಲ್ ದಾಟಿ ರಗತ ಹೋಗೋದು, ಇದನ್ನ ಓದಾಕ ಕುಂತ್ರ ನಾವೆಲ್ಲ ಮೊದಲು ಮಾಡೋದು ಗರ್ಭಚೀಲ ಬಿಗಿ ಮಾಡೋ ಔಷಧಿಗಳ ಡೋಸ್ ಬಾಯಿಪಾಠ. ಆಕ್ಸಿಟೋಸಿನ್ 10 ಯೂನಿಟ್, ಮೈಸೊಪ್ರೊಸ್ಟಾಲ್ ಇಷ್ಟು ಮೈಕ್ರೊಗ್ರಾಂ, ಮೆಥರ್ಜಿನ್ ಬಿಪಿ ಜಾಸ್ತಿ ಇದ್ದಾಕಿಗೆ ಬ್ಯಾಡ, ಕಾರ್ಬೊಪ್ರೊಸ್ಟ್ ಆಸ್ತಮಾ ಇದ್ದಾಕಿಗೆ ಬ್ಯಾಡ, ಮುಗೀತು. ನಾನೂ ಹಂಗ ಓದಿದ್ದೆ. ಆದ್ರ ಹೋದ ವಾರ ಕೊಪ್ಪಳದಾಗ ನಮ್ಮ ಹಾಸ್ಟೆಲ್ ರೂಮಿನ್ಯಾಗ ಐದು ಮಂದಿ ಸೇರಿ ಒಂದು ಆಟ ಆಡಿದ್ವಿ, ಅವತ್ತಿಂದ ಈ ಪಾಠ ಬ್ಯಾರೆ ಥರಾ ಕಾಣಾಕತ್ತೈತಿ.

ಆಟ ಏನಂದ್ರ, ನೀರಿಗೆ ಕುಂಕುಮ ಕಲಸಿ, 600 ಎಂಎಲ್ ಅಳತಿ ಮಾಡಿ, ಒಂದಿಷ್ಟು ಹಳೇ ಸೀರಿ ಅರಿವಿಗೆ, ಒಂದಿಷ್ಟು ಹತ್ತಿ ಪ್ಯಾಡಿಗೆ, ಉಳಿದದ್ದು ನೆಲಕ್ಕ ಹಾಕಿ, ಹೊರಗ ನಿಂತಾಕಿನ್ನ ಒಳಗ ಕರದು ಎಷ್ಟೈತಿ ಹೇಳು ಅನ್ನೋದು. ಒಬ್ಬಾಕಿ 200 ಅಂದ್ಲು, ಒಬ್ಬಾಕಿ 300, ನಾನು ಭಾಳ ಶಾಣ್ಯಾಕಿ ಅಂತ 350 ಅಂದೆ. ಹತ್ರ ಬಂದಾಕಿ ಒಬ್ಬಾಕೀನ, 550 ಅಂದ್ಲು, ಆಕಿ ಮನ್ಯಾಗ ಹಾಲಿನ ವ್ಯಾಪಾರ, ಸಣ್ಣಾಕಿ ಇದ್ದಾಗಿಂದ ಮಾಪಿಲೆ ಹಾಲು ಹೊಯ್ದ ಕೈ ಅದು. ಅಂದ್ರ ಉಳಿದ ನಾವು ಯಾರೂ ಅವತ್ತು ಲೇಬರ್ ರೂಮಿನ್ಯಾಗ ಇದ್ದಿದ್ರ ಪಿಪಿಎಚ್ ಅಂತ ಹೇಳ್ತಾ ಇರಲಿಲ್ಲ, ಯಾಕಂದ್ರ ನಮ್ಮ ಪ್ರಕಾರ ಇನ್ನೂ 500 ದಾಟೇ ಇಲ್ಲ! ಡೋಸ್ ಎಲ್ಲಾ ಬಾಯಿಗೆ ಬರ್ತಿತ್ತು, ಕೊಡೋ ಟೈಮ್ ಬಂದೈತಿ ಅನ್ನೋದ ಗೊತ್ತಾಗ್ತಿರಲಿಲ್ಲ.

ಇದು ನಮ್ಮಂಥ ಹೊಸಬರ ದಡ್ಡತನ ಅಷ್ಟ ಅಲ್ಲ ಅಂತ ರಿಸರ್ಚ್ ಹೇಳ್ತೈತಿ, ಅದೂ ನಮ್ಮ ರಾಜ್ಯದ್ದ ರಿಸರ್ಚ್. ಬೆಳಗಾವಿಯ ಜೆಎನ್‌ಎಂಸಿ ಮೆಡಿಕಲ್ ಕಾಲೇಜಿನ ಡಾಕ್ಟರ್‌ಗಳು ಅಮೆರಿಕಾದವ್ರ ಜೊತಿ ಸೇರಿ ಒಂದು ಪ್ಲಾಸ್ಟಿಕ್ ಡ್ರೇಪ್ ಮ್ಯಾಲೆ ಕೆಲಸ ಮಾಡಿದ್ರು, ಬಾಣ್ತಿ ಸೊಂಟದ ಕೆಳಗ ಹಾಸೋದು, ತುದಿ ಲಾಳಿಕಿ ಥರಾ ಚೀಲ ಆಗಿರ್ತೈತಿ, ಚೀಲದ ಮ್ಯಾಲೆ ಎಂಎಲ್ ಗೆರಿ ಇರ್ತಾವ. 2006 ರಲ್ಲಿ ಬಂದ ಅವರ ಹೋಲಿಕಿಯೊಳಗ ಕಣ್ಣಂದಾಜು ಡ್ರೇಪ್ ಅಳತಿಗಿಂತ 33% ಕಡಿಮಿ ಬಂತು. ರಗತ ಜಾಸ್ತಿ ಹೋದಷ್ಟೂ ಕಣ್ಣು ಜಾಸ್ತಿ ಮೋಸ ಹೋಗ್ತೈತಿ ಅನ್ನೋದನ್ನೂ ನೆನಪಿಟ್ಕೊರ್ರಿ, ಅಂದ್ರ ನಮಗ ಕಣ್ಣು ಬೇಕಾದ ಹೊತ್ತಿಗೇನ ಅದು ಕೈ ಕೊಡ್ತೈತಿ.

ಈಗ ಯಾಕ ಇಷ್ಟು ಜಲ್ದಿ ರಗತ ಹೋಗ್ತೈತಿ ಅನ್ನೋದು. ತುಂಬಿದ ತಿಂಗಳದಾಗ ಗರ್ಭಚೀಲಕ್ಕ ನಿಮಿಷಕ್ಕ ಹತ್ರತ್ರ 500 ರಿಂದ 700 ಎಂಎಲ್ ರಗತ ಹರೀತೈತಿ, ನಿಮಿಷಕ್ಕ ಒಂದು ಸಣ್ಣ ತಂಬಿಗಿ ಅನ್ಕೊರ್ರಿ. ಮಾಸು ಬಿಟ್ಟ ಕೂಡ್ಲೆ ಆ ಜಾಗದ ರಗತನಾಳ ಎಲ್ಲಾ ಬಾಯಿ ತಕ್ಕೊಂಡ ಇರ್ತಾವ. ಅವನ್ನ ಮುಚ್ಚೋದು ಗರ್ಭಚೀಲದ ಸ್ನಾಯು, ಅಡ್ಡಾದಿಡ್ಡಿ ಹೆಣೆದ ಎಳಿ, ಬಿಗಿ ಹಿಡಿದ್ರ ಪ್ರತಿಯೊಂದು ನಾಳಕ್ಕೂ ಗಂಟು ಹಾಕಿದಂಗ ಆಗ್ತೈತಿ. ಬಿಗಿ ಹಿಡೀಲಿಲ್ಲಂದ್ರ ಅದ ಅಟೋನಿ. ಪಿಪಿಎಚ್ ಕಾರಣದ ನಾಲ್ಕು ಟಿ ಗೊತ್ತಲ್ಲ, ಟೋನ್ (ಗರ್ಭಚೀಲದ ಬಿಗಿ), ಟ್ರಾಮಾ (ಹರಿಯೋದು), ಟಿಶ್ಯೂ (ಮಾಸು ಉಳಿಯೋದು), ಥ್ರಾಂಬಿನ್ (ರಗತ ಹೆಪ್ಪುಗಟ್ಟದ ಇರೋದು), ಹತ್ತರಾಗ ಏಳು ಕೇಸ್ ಟೋನ್ ಕಾರಣಕ್ಕ ಆಗ್ತಾವ, ಉಳಿದ ಮೂರು ಟೆಕ್ಸ್ಟ್‌ಬುಕ್ಕಿನ್ಯಾಗ ಚೆನ್ನಾಗೇ ಐತಿ ಅಲ್ಲೇ ನೋಡ್ಕೊರ್ರಿ.

ಮತ್ತೆ ಬೆಳಗಾವಿಗೇ ಬರ್ತೀನಿ. ಅದ ತಂಡದ ಮೈಸೊಪ್ರೊಸ್ಟಾಲ್ ಟ್ರಯಲ್ 2006 ರಲ್ಲಿ ಲ್ಯಾನ್ಸೆಟ್ ಜರ್ನಲ್ಲಿನ್ಯಾಗ ಬಂತು. ಹಳ್ಳಿಯೊಳಗ, ಮನ್ಯಾಗೋ ಸಬ್ ಸೆಂಟರ್‌ನ್ಯಾಗೋ ಆದ ಹೆರಿಗಿ, ಡಾಕ್ಟರ್ ಇಲ್ಲ, ಎಎನ್‌ಎಂ, ಅಂದ್ರ ಹಳ್ಳಿ ನರ್ಸ್, ಒಬ್ಬಾಕೀನ. 1,620 ತಾಯಂದಿರು, ಅರ್ಧ ಮಂದಿಗೆ ಕೂಸು ಹುಟ್ಟಿದ ಕೂಡ್ಲೆ ಬಾಯಿಲೆ 600 ಮೈಕ್ರೊಗ್ರಾಂ ಗುಳಿಗಿ, ಇನ್ನರ್ಧಕ್ಕ ಖಾಲಿ ಗುಳಿಗಿ. ಪಿಪಿಎಚ್ 12% ಇದ್ದದ್ದು 6.4% ಕ್ಕ ಇಳೀತು, 1 ಲೀಟರ್ ದಾಟಿದ ಕೇಸು 1.2% ಇದ್ದದ್ದು 0.2% ಕ್ಕ. ತೊಂದರಿ ಅಂದ್ರ ಚಳಿ ನಡುಕ, ಜ್ವರ, ಅಷ್ಟ. ಸೂಜಿ ಬ್ಯಾಡ, ಫ್ರಿಜ್ ಬ್ಯಾಡ. ನನಗ ಇದರಾಗ ಹಿಡಿಸಿದ್ದು, ಗುಳಿಗಿ ಕೊಟ್ಟಾಕೀನೂ ಎಎನ್‌ಎಂ, ಡ್ರೇಪ್ ಹಾಸಿ ರಗತ ಅಳದಾಕೀನೂ ಎಎನ್‌ಎಂ. ಅಳೀದ ಇದ್ದಿದ್ರ ಗುಳಿಗಿ ಕೆಲಸ ಮಾಡೇತಿ ಅಂತ ಯಾರು ನಂಬತಿದ್ರು?

ಆಮ್ಯಾಲೆ 2023, ಇದು ದೊಡ್ಡದು, ಇ-ಮೋಟಿವ್ ಟ್ರಯಲ್, ಇದನ್ನ ಮಾತ್ರ ಪೂರ್ತಿ ತಿಳ್ಕೊರ್ರಿ. ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ, 80 ಆಸ್ಪತ್ರಿ, ಎರಡು ಲಕ್ಷ ದಾಟಿದ ಸಾಮಾನ್ಯ ಹೆರಿಗಿ. ಒಂದು ಗುಂಪಿನ ಆಸ್ಪತ್ರಿಗೆ ಗೆರಿ ಇರೋ ಡ್ರೇಪ್ ಕೊಟ್ರು, ಇನ್ನೊಂದು ಗುಂಪಿಗೆ ಗೆರಿ ಇಲ್ಲದ ಡ್ರೇಪ್, ಹೋದ ರಗತ ಆಮ್ಯಾಲೆ ತೂಕ ಹಾಕಿ ಬರಕೊಂಡ್ರು. ಗೆರಿ ಇದ್ದ ಕಡಿ ಸಿಸ್ಟರ್‌ಗೆ ಎದುರಿಗೇನ 500 ಕಾಣ್ತೈತಿ, ಕಂಡ ಕೂಡ್ಲೆ ಎಲ್ಲಾ ಒಮ್ಮೆಲೇ ಸುರು: ಗರ್ಭಚೀಲ ಮಸಾಜ್, ಆಕ್ಸಿಟೋಸಿನ್ ಥರದ ಔಷಧಿ, ಟ್ರಾನೆಕ್ಸಾಮಿಕ್ ಆಸಿಡ್, ಐವಿ ಫ್ಲುಯಿಡ್, ಹರಿದೈತೇನು ಮಾಸು ಉಳಿದೈತೇನು ಅಂತ ಪರೀಕ್ಷೆ, ನಿಲ್ಲಲಿಲ್ಲಂದ್ರ ದೊಡ್ಡ ಡಾಕ್ಟರ್‌ಗೆ ಕರಿ. ನಾವು ಓದೋ ಕ್ರಮ ಹೆಂಗೈತಿ ಅಂದ್ರ ಮೊದಲು ಒಂದು ಕೊಡು, ಕಾಯಿ, ನಿಲ್ಲಲಿಲ್ಲಂದ್ರ ಮುಂದಿನದು, ಮತ್ತೆ ಕಾಯಿ, ಅಷ್ಟೊತ್ತಿಗೆ ತಂಬಿಗಿ ಲೆಕ್ಕ ಎಲ್ಲಿಗೆ ಹೋಗಿರ್ತೈತಿ ನೀವ ಗುಣಿಸ್ಕೊರ್ರಿ.

ಫಲಿತಾಂಶ: 1 ಲೀಟರ್ ರಗತ ಹೋಗೋದು, ರಗತ ನಿಲ್ಲಸಾಕ ಹೊಟ್ಟಿ ಕೊಯ್ದು ಆಪರೇಷನ್ ಮಾಡಬೇಕಾಗೋದು, ರಗತ ಹೋಗಿ ಸಾಯೋದು, ಈ ಮೂರೂ ಸೇರಿಸಿ 4.3% ಇದ್ದಲ್ಲಿ 1.6%. ಆದ್ರ ನಾನು ಅಡಿಗೆರಿ ಹಾಕಿದ್ದು ಬ್ಯಾರೆ ಸಂಖ್ಯೆಗೆ. ಗೆರಿ ಇಲ್ಲದ ಕಡಿ ಪಿಪಿಎಚ್ ಆದ ತಾಯಂದಿರೊಳಗ ಸಿಬ್ಬಂದಿ ಗುರುತು ಹಿಡಿದದ್ದು 51%, ಗೆರಿ ಇದ್ದ ಕಡಿ 93%. ಅರ್ಧಕ್ಕರ್ಧ ಮಂದಿ, ಕಣ್ಣ ಮುಂದ ಮಲಗಿ ರಗತ ಹೋಗಾಕತ್ತಿದ್ರೂ ಯಾರಿಗೂ ಗೊತ್ತಾಗಿಲ್ಲ. ಔಷಧಿ ಒಂದೂ ಹೊಸದಲ್ಲ ನೋಡ್ರಿ ಇದರಾಗ. ಸಾವಿನ ಲೆಕ್ಕ ಒಂದನ್ನ ತಗೊಂಡ್ರ ಎರಡೂ ಕಡಿ ಸಣ್ಣ ಸಂಖ್ಯೆ ಇತ್ತು, ಗಟ್ಟಿ ವ್ಯತ್ಯಾಸ ತೋರಿಸ್ಲಿಲ್ಲ, ಅದನ್ನೂ ಬರೀರಿ, ವೈವಾದಾಗ (ಬಾಯಿ ಪರೀಕ್ಷೆದಾಗ) ಯಾರರ ಕೇಳೇ ಕೇಳ್ತಾರ.

ಐವಿ ಫ್ಲುಯಿಡ್ ಅಂದ ಕೂಡ್ಲೆ ನಮ್ಮ ಕಡಿ ಎಲ್ರಿಗೂ 2024 ನವೆಂಬರ್ ಬಳ್ಳಾರಿ ನೆನಪಾಗ್ತೈತಿ, ಸಿಸೇರಿಯನ್ ಆದ ಬಾಣ್ತೇರು ಒಬ್ಬರ ಹಿಂದ ಒಬ್ಬರು ತೀರಿಕೊಂಡು ಅನುಮಾನ ರಿಂಗರ್ ಲ್ಯಾಕ್ಟೇಟ್ ಬಾಟ್ಲಿ ಮ್ಯಾಲೆ ಬಂದದ್ದು. ಅದು ಬ್ಯಾರೆ ವಿಷಯ, ಪಿಪಿಎಚ್ ಉತ್ತರದಾಗ ಕಲಸಬ್ಯಾಡ್ರಿ. ಬಾಟ್ಲಿ ಬ್ಯಾಚ್ ನಂಬರ್ ಬರದಿಡೋದು ಮಾತ್ರ ಅವತ್ತಿಂದ ನಾನು ಬಿಟ್ಟಿಲ್ಲ.

ಟ್ರಾನೆಕ್ಸಾಮಿಕ್ ಆಸಿಡ್ ಬಗ್ಗೆ. 1962 ರಲ್ಲಿ ಜಪಾನಿನ ಉಟಾಕೊ ಒಕಾಮೊಟೊ ಅನ್ನೋ ವಿಜ್ಞಾನಿ ಗಂಡನ ಜೊತಿ ಸೇರಿ ಕಂಡುಹಿಡಿದದ್ದು, ಹೆಪ್ಪುಗಟ್ಟಿದ ರಗತ ಕರಗದಂಗ ತಡೀತೈತಿ. ಪಿಪಿಎಚ್‌ಗೆ ದೊಡ್ಡದಾಗಿ ಪರೀಕ್ಷೆ ಆಗಿ ಬರೋತನಕ 2017 ಆತು, ವುಮನ್ ಟ್ರಯಲ್, 21 ದೇಶ, 20,060 ತಾಯಂದಿರು. ರಗತ ಹೋಗಿ ಸಾಯೋದು 1.9% ದಿಂದ 1.5% ಕ್ಕ, 3 ತಾಸಿನೊಳಗ ಕೊಟ್ಟವರಲ್ಲಿ 1.7% ದಿಂದ 1.2% ಕ್ಕ ಇಳೀತು. 3 ತಾಸು ದಾಟಿದ್ರ ಉಪಯೋಗ ಇಲ್ಲ. ಆಮ್ಯಾಲಿನ ಲೆಕ್ಕದಾಗ ಪ್ರತಿ 15 ನಿಮಿಷ ತಡಕ್ಕ ಲಾಭ ಹತ್ರತ್ರ 10% ಕರಗತೈತಿ ಅಂತ ಬಂತು. ಡೋಸ್ 1 ಗ್ರಾಂ, ಐವಿ, 10 ನಿಮಿಷದಾಗ ನಿಧಾನಕ್ಕ, 30 ನಿಮಿಷ ಆದ್ರೂ ನಿಲ್ಲಲಿಲ್ಲಂದ್ರ ಇನ್ನೊಮ್ಮೆ. ಹಂಗಾರ ರಗತ ಕಡಿಮಿ ಇರೋ ಎಲ್ಲಾ ಬಾಣ್ತೇರಿಗೂ ಮುಂಚೇನ ಕೊಟ್ಟುಬಿಡೋಣಲ್ಲ ಅಂತ ನನಗೂ ಅನಿಸಿತ್ತು, ಅದನ್ನೂ ನೋಡ್ಯಾರ, ವುಮನ್-2, 2023, ಅನೀಮಿಯಾ ಇರೋ 15,068 ತಾಯಂದಿರು, ಪಿಪಿಎಚ್ ಏನೂ ಕಡಿಮಿ ಆಗ್ಲಿಲ್ಲ. ಚಿಕಿತ್ಸೆಗೆ ಹೌದು, ಮುಂಚೆ ತಡಿಯಾಕ ಅಲ್ಲ. ಈ ಫರಕು ಪರೀಕ್ಷೆದಾಗ ಬಹಳ ಮಂದಿ ಉಲ್ಟಾ ಬರೀತಾರ.

ಆಕ್ಸಿಟೋಸಿನ್ ಕತಿ ಬ್ಯಾರೇನ. ಇದು 2 ರಿಂದ 8 ಡಿಗ್ರಿಯೊಳಗ ಇರಬೇಕು, ನಮ್ಮ ಕೊಪ್ಪಳ ರಾಯಚೂರು ಕಡಿ ಏಪ್ರಿಲ್ ಮೇದಾಗ 40 ದಾಟ್ತೈತಿ, ಕರೆಂಟ್ ಹೋತಂದ್ರ ಫ್ರಿಜ್ಜೂ ಬರೇ ಕಪಾಟು. ಆಂಪ್ಯೂಲ್ ನೋಡಾಕ ಹಂಗ ಇರ್ತೈತಿ, ಒಳಗಿನ ಸತ್ವ ಹೋಗಿರ್ತೈತಿ, ಗರ್ಭಚೀಲ ಬಿಗೀಲಿಲ್ಲಂತ ನಾವು ಬಾಣ್ತಿ ಮ್ಯಾಲೆ ತಪ್ಪು ಹಾಕ್ತೀವಿ. ಇನ್ನೊಂದು ಮಜಾ ಅಂದ್ರ ಈ ಇಂಜೆಕ್ಷನ್ ನಮ್ಮ ಹಳ್ಯಾಗ ಹೆರಿಗಿಗಿಂತ ಜಾಸ್ತಿ ಗೊತ್ತಿರೋದು ಎಮ್ಮಿ ಹಾಲು ಇಳಸಾಕ. ಆ ದುರುಪಯೋಗ ತಡಿಯಾಕಂತ 2018 ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿ ಯಾರೂ ದೇಶದೊಳಗ ಮಾರಾಕ ತಯಾರ ಮಾಡಬಾರ್ದು, ಸರ್ಕಾರಿ ಸ್ವಾಮ್ಯದ ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಒಂದ ಮಾಡಬೇಕು ಅಂತ ಆದೇಶ ಹೊರಡಿಸ್ತು, ಇಡೀ ದೇಶದ ಬಾಣ್ತೇರಿಗೆ ಒಂದ ಕಂಪನಿ ಸಾಲ್ತೈತೇನು ಅಂತ ಕೇಸ್ ಆಗಿ ಅದ ವರ್ಷ ಡಿಸೆಂಬರ್‌ನ್ಯಾಗ ದಿಲ್ಲಿ ಹೈಕೋರ್ಟ್ ಆದೇಶ ರದ್ದು ಮಾಡ್ತು. ಬಿಸಿಲು ತಡಕೊಳ್ಳೋ ಕಾರ್ಬೆಟೋಸಿನ್ ಅಂತ ಐತಿ, 100 ಮೈಕ್ರೊಗ್ರಾಂ, 2018 ರ ಚಾಂಪಿಯನ್ ಟ್ರಯಲ್, 10 ದೇಶ, 29,645 ತಾಯಂದಿರು, 500 ಎಂಎಲ್ ದಾಟಿದವರು ಕಾರ್ಬೆಟೋಸಿನ್ ಕಡಿ 14.5%, ಆಕ್ಸಿಟೋಸಿನ್ ಕಡಿ 14.4%, ಅಂದ್ರ ಹತ್ರತ್ರ ಒಂದ. ನಮ್ಮಂಥಾ ಉರಿಬಿಸಿಲಿನ ಸೀಮಿಗೆ ಹೇಳಿ ಮಾಡಿಸಿದ್ದು ಅಂತ ನನ್ನ ಅಭಿಪ್ರಾಯ, ಆದ್ರ ಅದು ಮುಂಚೆ ತಡಿಯಾಕ, ಸುರು ಆದ ಪಿಪಿಎಚ್ ಚಿಕಿತ್ಸೆಗೆ ಅಂತ ಬರೀಬ್ಯಾಡ್ರಿ ಮತ್ತ.

ಈಗ ಅನೀಮಿಯಾ. ಎನ್‌ಎಫ್‌ಎಚ್‌ಎಸ್-5 (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಪ್ರಕಾರ ದೇಶದ ಗರ್ಭಿಣಿಯರಲ್ಲಿ 52.2% ಮಂದಿಗೆ ರಗತ ಕಡಿಮಿ. ನಮ್ಮ ಚಿಗವ್ವ ಅಂಥಾಕಿ, ತಾಯಿ ಕಾರ್ಡಿನ್ಯಾಗ ಎಚ್‌ಬಿ (ಹಿಮೋಗ್ಲೋಬಿನ್) 7 ಅಂತ ಬರದಿತ್ತು. ಕುಷ್ಟಗಿ ಹತ್ರದ ಊರಾಗ ಹೆರಿಗಿ ಆದಾಗ ಸುತ್ತ ನಿಂತ ಹೆಂಗಸ್ರು ಕೆಟ್ಟ ರಗತ ಹೋಗ್ಲಿ ಬಿಡು ಮೈ ಹಗುರಾಗ್ತೈತಿ ಅಂದ್ರಂತ, ಆಕಿ ನೀರು ಕೇಳಾಕತ್ತಿದ್ಲಂತ ಘಳಿಗಿಗೊಮ್ಮೆ, ಆಮ್ಯಾಲೆ ಅರಿವು ತಪ್ಪಿತು, 108 ರಾಗ ಒಯ್ದು ಮೂರು ಬಾಟ್ಲಿ ರಗತ ಏರಿಸಿದ ಮ್ಯಾಲೆ ಉಳದ್ಲು. ಕೆಟ್ಟ ರಗತ ಅನ್ನೋದು ಇಲ್ಲರೀ, ಇದ್ದದ್ದೆಲ್ಲ ಬೇಕಾದದ್ದ. ರಗತ ಭಾಳ ಹೋಗೇತಿ ಅಂತ ಹೇಳೋ ಬಾಯಾರಿಕೆ ಅನ್ನೋ ಗುರುತು ನಾನು ಪುಸ್ತಕದಾಗ ಓದೋಕಿಂತ ಮುಂಚೆ ಚಿಗವ್ವನ ಕತಿಯೊಳಗ ಕೇಳಿದ್ದೆ, ಆವಾಗ ಅರ್ಥ ಆಗಿರಲಿಲ್ಲ.

ಬಿಪಿ ನಂಬಿ ಕುಂದ್ರಬ್ಯಾಡ್ರಿ ಅನ್ನೋದೂ ಇಲ್ಲೇ ಬರ್ತೈತಿ. ಬಸುರಿಗೆ ರಗತದ ಪ್ರಮಾಣ 40 ರಿಂದ 50% ಏರಿರ್ತೈತಿ, ಹಂಗಾಗಿ ಬಹಳ ಹೋಗೋತನಕ ಬಿಪಿ ಬೀಳೋದಿಲ್ಲ, ಬಿದ್ದ ಮ್ಯಾಲೆ ಸರ್ರನೆ ಬೀಳ್ತೈತಿ. ಅದಕ್ಕ ಶಾಕ್ ಇಂಡೆಕ್ಸ್ ಹಾಕ್ರಿ, ಪಲ್ಸ್ ಭಾಗಿಸು ಮ್ಯಾಲಿನ ಬಿಪಿ. ಪಲ್ಸ್ 104, ಬಿಪಿ 104/70, ಎರಡೂ ಬ್ಯಾರೆ ಬ್ಯಾರೆ ನೋಡಿದ್ರ ಪರವಾಗಿಲ್ಲ ಅನಿಸ್ತೈತಿ, ಭಾಗಿಸಿದ್ರ 1. ಬಾಣ್ತಿಗೆ 0.9 ದಾಟಿದ್ರೇನ ಹುಷಾರು.

ಕಡೀಕ ವ್ಯಾಖ್ಯಾನ. ಇಷ್ಟು ದಿನ ಸಾಮಾನ್ಯ ಹೆರಿಗಿಗೆ 500 ಎಂಎಲ್ ಅಂತ ಬರೀತಿದ್ವಿ. 2025 ಅಕ್ಟೋಬರ್‌ನ್ಯಾಗ ವಿಶ್ವ ಆರೋಗ್ಯ ಸಂಸ್ಥೆ ಹೊಸ ಗೈಡ್‌ಲೈನ್ ತಂತು, 300 ಎಂಎಲ್ ಹೋಗಿ ಪಲ್ಸ್ ಬಿಪಿ ಏರುಪೇರು ಇದ್ರೂ ಚಿಕಿತ್ಸೆ ಸುರು ಮಾಡ್ರಿ, 500 ಆದ್ರಂತೂ ಮಾಡ್ಲೇಬೇಕು ಅಂತ, ಜೊತಿಗೆ ಗೆರಿ ಇರೋ ಡ್ರೇಪ್ ಬಳಸ್ರಿ ಅಂತ. ನಮ್ಮ ಪುಸ್ತಕ ಇನ್ನೂ ಹಳೇದು, ಪೇಪರ್ ತಿದ್ದೋರು ಯಾವುದು ಓದ್ಯಾರೋ ದೇವರಿಗೇ ಗೊತ್ತು, ಅದಕ್ಕ ನಾನು ಮೊದಲು 500 ಬರದು ಕೆಳಗ 2025 ಅಂತ ಹಾಕಿ 300 ದ್ದೂ ಬರೀತೀನಿ. ಕುಂಕುಮದ ನೀರಿನ ಆಟ ಐತ್ವಾರ ಮತ್ತೆ ಐತಿ, ಈ ಸಲ 300 ಎಂಎಲ್ ಹಾಕ್ತೀವಿ, ಹಾಲಿನವಳನ್ನ ಬಿಟ್ಟು ಯಾರು ಬರ್ತೀರಿ ಹೇಳ್ರಿ.