ಉಸಿರು ಬೇಗ ಮರಳುತ್ತದೆ, ಮೀನಖಂಡ ತಡವಾಗಿ

ಐವತ್ತು ದಾಟಿದ ಮೇಲೆ ಮತ್ತೆ ಓಟ ಶುರು ಮಾಡಿದವರಿಗೆ ಪೆಟ್ಟಾಗುವ ಕಾಲ ಬಹುಪಾಲು ಒಂದೇ: ಆರನೇ ವಾರದಿಂದ ಹತ್ತನೇ ವಾರ. ಮೊದಲ ಮೂರು ನಾಲ್ಕು ವಾರ ಏದುಸಿರೇ ಕಡಿವಾಣ ಹಾಕುತ್ತದೆ, ಜೊತೆಗೆ ಮನಸ್ಸಿನಲ್ಲೂ ಅಳುಕಿರುತ್ತದೆ. ಒಂದೂವರೆ ತಿಂಗಳಾಗುವಷ್ಟರಲ್ಲಿ ದಮ್ಮು ಹದಕ್ಕೆ ಬಂದು, ಮಾತಾಡುತ್ತಲೇ ನಾಲ್ಕು ಕಿಲೋಮೀಟರ್ ಓಡಿಬಿಡಬಹುದು ಅನ್ನಿಸತೊಡಗುತ್ತದೆ. ಅದೇ ಹೊತ್ತಿಗೆ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ತಮ್ಮ ಟೈಮಿಂಗ್ ಹಾಕುತ್ತಾರೆ. ಇಪ್ಪತ್ತೆಂಟರ ವಯಸ್ಸಿನಲ್ಲಿ 10 ಕಿ.ಮೀ.ಗೆ 45 ನಿಮಿಷ ಓಡಿದ್ದು ನೆನಪಾಗುತ್ತದೆ. ಮುಂದಿನ ಭಾನುವಾರ ಕೈಗಡಿಯಾರ ನೋಡಿಕೊಂಡು ಓಟ. ಅದರ ಮುಂದಿನ ವಾರ ಮೀನಖಂಡ ಹಿಡಿದುಕೊಂಡು ಕುಂಟುನಡಿಗೆ.

ಇದಕ್ಕೆ ಕಾರಣ ದೇಹದ ಭಾಗಗಳು ಬೇರೆಬೇರೆ ವೇಗದಲ್ಲಿ ಪಳಗುವುದು. ಓಟ ಆರಂಭಿಸಿದ ಎರಡು ವಾರದೊಳಗೆ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೆಚ್ಚುತ್ತದೆ, ಹೃದಯ ಒಂದು ಬಡಿತಕ್ಕೆ ಮೊದಲಿಗಿಂತ ಹೆಚ್ಚು ರಕ್ತ ತಳ್ಳುತ್ತದೆ. ಆರು ವಾರಕ್ಕೆಲ್ಲ ಸ್ನಾಯುಗಳು ಆಮ್ಲಜನಕ ಬಳಸುವ ಶಕ್ತಿಯೂ ಸುಧಾರಿಸಿರುತ್ತದೆ. ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು, ಮಂಡಿಚಿಪ್ಪಿನ ಕೆಳಗಿನ ರಜ್ಜು, ಕಾಲಿನ ಮೂಳೆ ಇವಕ್ಕೆ ಅಷ್ಟು ರಕ್ತಸಂಚಾರವಿಲ್ಲ ಅಥವಾ ಅವು ಹೊಸದಾಗಿ ಕಟ್ಟಿಕೊಳ್ಳುವ ರೀತಿಯೇ ನಿಧಾನ. ಅವು ಹೊಸ ಭಾರಕ್ಕೆ ಒಗ್ಗಲು ಕನಿಷ್ಠ ಮೂರು ತಿಂಗಳು ಬೇಕು. ಮೀನಖಂಡದ ಒಳಪದರವಾದ ಸೋಲಿಯಸ್ ಸ್ನಾಯು ಓಡುವಾಗ ಪ್ರತಿ ಹೆಜ್ಜೆಗೂ ದೇಹತೂಕದ ಆರು ಪಟ್ಟಿಗೂ ಮಿಗಿಲಾದ ಬಲ ಹೊರುತ್ತದೆ. ವಯಸ್ಸಾದಂತೆ ಓಟಗಾರರಲ್ಲಿ ಮೊದಲು ಕುಂದುವುದೂ ಪಾದದ ಕೀಲಿನಿಂದ ನೆಲವನ್ನು ಒದೆಯುವ ಈ ಶಕ್ತಿಯೇ. ಹೆಜ್ಜೆ ಚಿಕ್ಕದಾಗುವುದು ಅದರಿಂದಲೇ. ಹಳೆಯ ಟೈಮಿಂಗ್ ಹಿಡಿಯಲು ಹೋದವರು ಹೆಜ್ಜೆ ಉದ್ದ ಮಾಡುತ್ತಾರೆ. ಭಾರವೆಲ್ಲ ಬೀಳುವುದು ತಯಾರಾಗದೆ ಉಳಿದ ಜಾಗದ ಮೇಲೆ.

ಓಟಕ್ಕೆ ಮುಂಚೆ ಹೃದಯದ ತಪಾಸಣೆ. ಹೃದಯದ ರಕ್ತನಾಳದ ಕಾಯಿಲೆ ಭಾರತೀಯರಲ್ಲಿ ಪಾಶ್ಚಾತ್ಯರಿಗಿಂತ ಬೇಗ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಬಿ.ಪಿ., ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ), ಕೊಲೆಸ್ಟರಾಲ್, ಇಸಿಜಿ ಎಲ್ಲರಿಗೂ ಇರಲಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದ ಚಟ ಇದ್ದವರು ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದ ಚರಿತ್ರೆ ಉಳ್ಳವರು ಎಕೋ, ಟ್ರೆಡ್‌ಮಿಲ್ ಪರೀಕ್ಷೆಗಳ ಬಗ್ಗೆ ವೈದ್ಯರನ್ನು ಕೇಳಬೇಕು. ಟ್ರೆಡ್‌ಮಿಲ್ ಪರೀಕ್ಷೆ ನಾರ್ಮಲ್ ಎಂದು ಬಂದರೆ ಅದು ಪೂರ್ತಿ ರಹದಾರಿಯೇನಲ್ಲ. ಅದು ಮುಖ್ಯವಾಗಿ ಗಣನೀಯವಾಗಿ ಕಿರಿದಾದ ನಾಳವನ್ನು ಪತ್ತೆಹಚ್ಚುತ್ತದೆ, ಸಣ್ಣ ಕೊಬ್ಬಿನ ಪದರ ಒಡೆಯುವುದನ್ನು ಮುಂಚಿತವಾಗಿ ಹೇಳಲಾರದು. ಓಡುವಾಗ ಎದೆ ಬಿಗಿತ, ದವಡೆ ಅಥವಾ ತೋಳಿಗೆ ಹರಿಯುವ ನೋವು, ತಲೆಸುತ್ತು, ನಿನ್ನೆಯ ವೇಗಕ್ಕೇ ಇಂದು ವಿಪರೀತ ಏದುಸಿರು, ಇವುಗಳಲ್ಲಿ ಒಂದು ಕಂಡರೂ ನಿಂತುಬಿಡಿ, ಅಂದೇ ತೋರಿಸಿ. ಗ್ಯಾಸ್ಟ್ರಿಕ್ ಎಂದು ಜೆಲುಸಿಲ್ ನುಂಗಿ ಮತ್ತೆ ಓಡಿದವರ ಕಥೆಗಳು ಚೆನ್ನಾಗಿ ಮುಗಿಯುವುದಿಲ್ಲ.

ಮಾತ್ರೆಗಳ ಲೆಕ್ಕವೂ ಬೇಕು. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್ (ಬಿ.ಪಿ., ಹೃದಯದ ಮಾತ್ರೆ) ತೆಗೆದುಕೊಳ್ಳುವವರ ಹೃದಯಬಡಿತ ಏರುವುದೇ ಕಡಿಮೆ. ಅವರು ವಾಚಿನ ಹಾರ್ಟ್‌ರೇಟ್ ಝೋನ್‌ಗಳನ್ನು ಮರೆತು, ಮಾತಾಡಿಕೊಂಡು ಓಡಲು ಆಗುತ್ತದೆಯೇ ಎಂದಷ್ಟೇ ನೋಡಬೇಕು. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಮೇಲಿರುವವರು ಖಾಲಿ ಹೊಟ್ಟೆಯಲ್ಲಿ ಓಡಿದರೆ ಸಕ್ಕರೆ ಕುಸಿಯಬಹುದು, ಜೇಬಿನಲ್ಲಿ ಗ್ಲೂಕೋಸ್ ಇರಲೇಬೇಕು. ಉದ್ದ ಓಟದ ಮುಂಚೆ ಮುಂಜಾಗ್ರತೆಗೆಂದು ನೋವಿನ ಮಾತ್ರೆ ಡೈಕ್ಲೊಫೆನಾಕ್ ನುಂಗುವ ಅಭ್ಯಾಸವಂತೂ ಕೆಟ್ಟದ್ದು: ಬೆವರಿ ನೀರಿನಂಶ ಇಳಿದಿರುವಾಗ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ, ನಿಲ್ಲು ಎಂದು ಹೇಳಬೇಕಾದ ನೋವನ್ನೂ ಮುಚ್ಚಿಡುತ್ತದೆ.

ಇನ್ನು ಓಟ. ಮೊದಲ ಮೂರು ವಾರ ಬಿರುಸು ನಡಿಗೆ, ವಾರಕ್ಕೆ ಐದು ದಿನ, 30ರಿಂದ 40 ನಿಮಿಷ. ನಾಲ್ಕನೇ ವಾರದಿಂದ ದಿನ ಬಿಟ್ಟು ದಿನ, ವಾರಕ್ಕೆ ಮೂರೇ ಸಲ ಓಟ: ಹತ್ತು ನಿಮಿಷ ನಡೆದು ಮೈ ಬಿಸಿಯಾದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಇದನ್ನು ಎಂಟು ಸಲ. ಮುಂದಿನ ವಾರ ಒಂದಕ್ಕೊಂದು. ಆಮೇಲೆ ಎರಡು ನಿಮಿಷ ಓಟಕ್ಕೆ ಒಂದು ನಿಮಿಷ ನಡಿಗೆ, ಮೂರಕ್ಕೊಂದು, ಐದಕ್ಕೊಂದು, ಎಂಟಕ್ಕೊಂದು. ಹೀಗೆ ಹೋದರೆ ಹನ್ನೆರಡನೇ ವಾರದ ಸುಮಾರಿಗೆ 30 ನಿಮಿಷ ನಿಲ್ಲದೆ ಓಡಬಹುದು. ಯಾವುದೇ ವಾರ ಕಷ್ಟವೆನಿಸಿದರೆ ಅದನ್ನೇ ಮತ್ತೊಮ್ಮೆ ಮಾಡಿ. ನಾಲ್ಕು ವಾರಕ್ಕೊಮ್ಮೆ ಒಟ್ಟು ಓಟವನ್ನು ಮೂರನೇ ಒಂದು ಭಾಗದಷ್ಟು ಇಳಿಸಿ. ಈ ಮೂರು ತಿಂಗಳಲ್ಲಿ ವೇಗದ ಅಭ್ಯಾಸ ಬೇಡವೇ ಬೇಡ. ಆಮೇಲೂ ಶುರು ಮಾಡುವುದು 15–20 ಸೆಕೆಂಡಿನ ನಾಲ್ಕಾರು ಚುರುಕು ಓಟಗಳಿಂದ, ಸಾಧ್ಯವಾದರೆ ತುಸು ಏರಿನಲ್ಲಿ. ಏರಿನಲ್ಲಿ ಕಾಲು ನೆಲಕ್ಕೆ ಅಪ್ಪಳಿಸುವುದು ಕಡಿಮೆ. ಚಾಮುಂಡಿ ಬೆಟ್ಟ ಹತ್ತುವುದು ಒಳ್ಳೆಯ ವ್ಯಾಯಾಮ, ಆದರೆ ಮೊದಲ ವರ್ಷ ಅಲ್ಲಿಂದ ಓಡಿಕೊಂಡು ಇಳಿಯಬೇಡಿ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು, ಆ ಕೆಲಸ ಅದನ್ನು ಹರಿಯುತ್ತದೆ.

ಓಟಕ್ಕಿಂತ ಜನ ಹೆಚ್ಚು ತಪ್ಪಿಸುವುದು ಬಲದ ವ್ಯಾಯಾಮ. ಮೆಟ್ಟಿಲ ಅಂಚಿನಲ್ಲಿ ನಿಂತು ಒಂದೇ ಕಾಲಿನಲ್ಲಿ ಹಿಮ್ಮಡಿ ಎತ್ತಿ ಇಳಿಸಿ: ಎತ್ತಲು ಎರಡು ಸೆಕೆಂಡು, ಇಳಿಸಲು ಮೂರು. ಎಷ್ಟು ಸಲ ಆಗುತ್ತದೆ ಎಣಿಸಿ. 20 ದಾಟದಿದ್ದರೆ ಅಥವಾ ಎರಡು ಕಾಲಿಗೂ ಐದಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಓಟ ಹೆಚ್ಚಿಸುವ ಮುಂಚೆ ಅದನ್ನು ಸರಿಮಾಡಿ. ಮಂಡಿ ನೇರವಿಟ್ಟು ಮಾಡಿದಾಗ ಮೀನಖಂಡದ ಹೊರಪದರ, ಮಂಡಿ ಮಡಿಸಿ ಮಾಡಿದಾಗ ಸೋಲಿಯಸ್ ಹೆಚ್ಚು ದುಡಿಯುತ್ತದೆ. ಎರಡೂ ಬೇಕು; ವಾರಕ್ಕೆ ಎರಡು ದಿನ, 12–15ರಂತೆ ಮೂರು ಸುತ್ತು. ಸುಲಭವಾದಾಗ ಬೆನ್ನಿಗೆ ಐದು ಕಿಲೋ ಅಕ್ಕಿಯ ಬ್ಯಾಗು ಹಾಕಿಕೊಳ್ಳಿ. ಜೊತೆಗೆ ಸ್ಕ್ವಾಟ್, ಮೆಟ್ಟಿಲೇರುವ ಸ್ಟೆಪ್ ಅಪ್, ಹಿಪ್ ಬ್ರಿಜ್ ಸಾಕು.

ಸ್ನಾಯು ಕಟ್ಟಲು ಪ್ರೋಟೀನ್ ಬೇಕು. ಈ ವಯಸ್ಸಿನ ಓಟಗಾರರಿಗೆ ದೇಹತೂಕದ ಕಿಲೋಗೆ 1.2ರಿಂದ 1.6 ಗ್ರಾಂ, ಅಂದರೆ 60 ಕಿಲೋ ತೂಕದವರಿಗೆ ದಿನಕ್ಕೆ 72ರಿಂದ 96 ಗ್ರಾಂ. ರಾಗಿ ಮುದ್ದೆಯ ಬಗ್ಗೆ ನಮಗಿರುವ ಅಭಿಮಾನ ಕ್ಯಾಲ್ಸಿಯಂ ಮಟ್ಟಿಗೆ ಸರಿ (100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ), ಆದರೆ ಪ್ರೋಟೀನ್ ಅದರಲ್ಲಿ ಏಳೇ ಗ್ರಾಂ. ಬಸ್ಸಾರಿನ ತಿಳಿಯಲ್ಲಿ ಅದು ತುಂಬಿಬರುವುದಿಲ್ಲ. ಕಾಳು, ಮೊಟ್ಟೆ, ಮೊಸರು, ಪನೀರು, ಮೀನು ಪ್ರತಿ ಊಟದಲ್ಲೂ ಬೇಕು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬಾರದು. ಮುಟ್ಟು ನಿಂತ ಮಹಿಳೆಯರು ವಿಟಮಿನ್ ಡಿ ಮತ್ತು ಮೂಳೆ ಸಾಂದ್ರತೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಒಂದೇ ಬೆರಳಿನಲ್ಲಿ ತೋರಿಸಬಹುದಾದಷ್ಟು ಸಣ್ಣ ಜಾಗದಲ್ಲಿ ಮೂಳೆ ನೋಯುತ್ತಿದ್ದರೆ, ರಾತ್ರಿಯೂ ನೋವಿದ್ದರೆ, ಅದು ಮೂಳೆಯ ಬಿರುಕಿರಬಹುದು. ಓಟ ಅಲ್ಲಿಗೇ ನಿಲ್ಲಬೇಕು.

ಉಳಿದ ನೋವುಗಳಿಗೆ ಅಳತೆ ಸುಲಭ. ಹತ್ತರಲ್ಲಿ ಮೂರರೊಳಗಿನ ನೋವು, ಮರುದಿನ ಬೆಳಿಗ್ಗೆಗೆ ಮೊದಲಿನಂತಾದರೆ ಮುಂದುವರಿಸಬಹುದು. ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗಳಲ್ಲಿ ಅಕಿಲಿಸ್ ಬಿಗಿತ ದಿನದಿಂದ ದಿನಕ್ಕೆ ಹೆಚ್ಚು ಹೊತ್ತು ಉಳಿಯುತ್ತಿದ್ದರೆ ಭಾರ ಜಾಸ್ತಿಯಾಗಿದೆ ಎಂದರ್ಥ. ಓಡುತ್ತಿರುವಾಗ ಮೀನಖಂಡದಲ್ಲಿ ಯಾರೋ ಕಲ್ಲು ಹೊಡೆದಂತಾದರೆ ಅದು ಹರಿದ ಸ್ನಾಯು. ಉಜ್ಜಿ ಎಳೆದು ಓಟ ಮುಗಿಸಲು ಹೋದರೆ ಎರಡು ವಾರದ ಗಾಯ ಎರಡು ತಿಂಗಳಾಗುತ್ತದೆ. ಅಟ್ಟದ ಮೇಲಿನ ಹಳೆಯ ಶೂಗಳನ್ನೂ ನಂಬಬೇಡಿ. ಬಳಸದೆ ಇಟ್ಟರೂ ವರ್ಷಗಳಲ್ಲಿ ಅವುಗಳ ಅಂಟು, ನಡುಪದರದ ಫೋಮು ಸತ್ವ ಕಳೆದುಕೊಳ್ಳುತ್ತವೆ. ಐದನೇ ಕಿಲೋಮೀಟರಿಗೆ ಅಟ್ಟೆ ಬಿಟ್ಟುಕೊಳ್ಳುತ್ತದೆ.

ಈಗ ಟೈಮಿಂಗ್ ಹೋಲಿಕೆಗೆ ಬರೋಣ. ಹೋಲಿಸಬೇಡಿ ಎನ್ನುವ ಉಪದೇಶ ಯಾವ ಓಟಗಾರನ ಕಿವಿಗೂ ಹೋಗುವುದಿಲ್ಲ. ಹಾಗಾಗಿ ಸರಿಯಾಗಿ ಹೋಲಿಸುವುದನ್ನಾದರೂ ಕಲಿಯುವುದು ಮೇಲು. ಮೊದಲು ಚಿಪ್ ಟೈಮ್, ಅಂದರೆ ನೀವು ಆರಂಭದ ಗೆರೆ ದಾಟಿದ ಕ್ಷಣದಿಂದ ಎಣಿಸಿದ ಸಮಯ, ತೆಗೆದುಕೊಳ್ಳಿ. ಹಿಂದಿನ ಸಾಲಿನಲ್ಲಿ ನಿಂತವರಿಗೂ ಮುಂದೆ ನಿಂತವರಿಗೂ ಗನ್ ಟೈಮಿನಲ್ಲಿ (ಓಟ ಶುರುವೆಂದು ಸೂಚನೆ ಕೊಟ್ಟ ಕ್ಷಣದಿಂದ ಎಣಿಸಿದ್ದು) ಹತ್ತು ನಿಮಿಷದ ಅಂತರ ಬರಬಹುದು. ವಾಚು 10.2 ಕಿ.ಮೀ. ತೋರಿಸಿತು, ಆಯೋಜಕರು ದೂರ ತಪ್ಪಾಗಿ ಅಳೆದಿದ್ದಾರೆ ಎನ್ನುವ ದೂರು ಸಾಮಾನ್ಯ. ಪ್ರಮಾಣೀಕೃತ ಮಾರ್ಗವನ್ನು ಅಳೆಯುವುದು ವಿಶೇಷ ಕೌಂಟರ್ ಜೋಡಿಸಿದ ಸೈಕಲ್ಲಿನಿಂದ, ತಿರುವುಗಳ ಒಳಅಂಚಿಗೆ 30 ಸೆಂ.ಮೀ. ದೂರದ ಅತಿ ಚಿಕ್ಕ ಹಾದಿಯಲ್ಲಿ, ಜೊತೆಗೆ ಕಡಿಮೆಯಾಗದಿರಲಿ ಎಂದು ಸಾವಿರಕ್ಕೊಂದರಷ್ಟು, ಅಂದರೆ ಮ್ಯಾರಥಾನಿಗೆ 42 ಮೀಟರ್ ಹೆಚ್ಚೇ ಸೇರಿಸಿ. ಜನರನ್ನು ಸುತ್ತುಬಳಸಿ ಅಂಕುಡೊಂಕಾಗಿ ಓಡಿದವರು ಸಹಜವಾಗಿ ಹೆಚ್ಚು ಓಡಿರುತ್ತಾರೆ, ಕಟ್ಟಡಗಳ ನಡುವೆ ಜಿಪಿಎಸ್ ತನ್ನದೇ ಮೀಟರುಗಳನ್ನು ಸೇರಿಸುತ್ತದೆ.

ಮಾರ್ಗವೂ ಮುಖ್ಯ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಏಪ್ರಿಲ್ ಬೇಸಿಗೆಯ ವರ್ಲ್ಡ್ 10ಕೆ, ಸೆಕೆಯ ಜೊತೆ ಪೆಡ್ಡರ್ ರಸ್ತೆಯ ಏರು ಇರುವ ಜನವರಿಯ ಮುಂಬೈ ಮ್ಯಾರಥಾನ್, ಶ್ರೀರಂಗಪಟ್ಟಣದ ಬಳಿ ಕಾಲುವೆ ದಂಡೆಯ ಮಣ್ಣುಹಾದಿಯ ಕಾವೇರಿ ಟ್ರೇಲ್ ಮ್ಯಾರಥಾನ್, ಇವು ಮೂರರ ಟೈಮಿಂಗನ್ನು ಒಂದೇ ತಕ್ಕಡಿಯಲ್ಲಿ ಇಡಲಾಗದು. ಶೂ ಕೂಡ ಬದಲಾಗಿದೆ. ಅಟ್ಟೆಯೊಳಗೆ ಕಾರ್ಬನ್ ಪಟ್ಟಿ ಇಟ್ಟು ವೇಗಕ್ಕೆ ನೆರವಾಗುವ ಈಗಿನ ಬಗೆಯ ಕಾರ್ಬನ್ ಪ್ಲೇಟ್ ಶೂ ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಅದಕ್ಕೆ ಮುಂಚಿನ ನಿಮ್ಮ ಟೈಮಿಂಗನ್ನು ಇಂದಿನ ಗೆಳೆಯನ ಟೈಮಿಂಗಿಗೆ ಹೋಲಿಸುವಾಗ ಇದು ನೆನಪಿರಲಿ.

ವಯಸ್ಸು, ಲಿಂಗಗಳ ಅಂತರ ಸರಿದೂಗಿಸಲು ಏಜ್ ಗ್ರೇಡಿಂಗ್ ಇದೆ. ಪ್ರತಿ ವಯಸ್ಸಿಗೂ ವಿಶ್ವಮಟ್ಟದ ಒಂದು ಮಾನದಂಡದ ಸಮಯವಿರುತ್ತದೆ, ಅದನ್ನು ನಿಮ್ಮ ಸಮಯದಿಂದ ಭಾಗಿಸಿದರೆ ಶೇಕಡಾವಾರು ಸಿಗುತ್ತದೆ. 55ರ ಪುರುಷನಿಗೆ 10 ಕಿ.ಮೀ. ಮಾನದಂಡ ಸುಮಾರು 31 ನಿಮಿಷ ಚಿಲ್ಲರೆ. ಆತ 58 ನಿಮಿಷಕ್ಕೆ ಓಡಿದರೆ ಅಂದಾಜು ಶೇ 54. ಅದೇ ವಯಸ್ಸಿನ ಮಹಿಳೆಯ ಮಾನದಂಡ 36–37 ನಿಮಿಷ. ಆಕೆ 65 ನಿಮಿಷಕ್ಕೆ ಓಡಿದರೆ ಶೇ 56ರ ಆಸುಪಾಸು. ಏಳು ನಿಮಿಷ ಹಿಂದೆ ಬಂದ ಹೆಂಡತಿಯೇ ಮನೆಯ ಉತ್ತಮ ಓಟಗಾರ್ತಿ. ಶೇ 60ರ ಮೇಲೆ ಸ್ಥಳೀಯ ಮಟ್ಟ, ಶೇ 70ರ ಮೇಲೆ ಪ್ರಾದೇಶಿಕ, ಶೇ 80ರ ಮೇಲೆ ರಾಷ್ಟ್ರೀಯ ಮಟ್ಟ ಎನ್ನುವುದು ರೂಢಿಯ ವರ್ಗೀಕರಣ. ಕೋಷ್ಟಕಗಳನ್ನು ಆಗಾಗ ಪರಿಷ್ಕರಿಸುತ್ತಾರೆ, ಆದ್ದರಿಂದ ಇಬ್ಬರೂ ಒಂದೇ ಆವೃತ್ತಿಯಲ್ಲಿ ಲೆಕ್ಕ ಹಾಕಬೇಕು. ಇದೇ ಲೆಕ್ಕದಲ್ಲಿ 28ರಲ್ಲಿ 45 ನಿಮಿಷ ಓಡಿದ್ದ ಪುರುಷ 53ರಲ್ಲಿ ಸುಮಾರು 52 ನಿಮಿಷಕ್ಕೆ ಓಡಿದರೆ ಸಮಸಮ. ಬೋಸ್ಟನ್ ಮ್ಯಾರಥಾನಿನ ಅರ್ಹತಾ ಸಮಯವೂ ಇದನ್ನೇ ಒಪ್ಪುತ್ತದೆ: 2026ರ ಓಟಕ್ಕೆ 35ರೊಳಗಿನ ಪುರುಷರಿಗೆ 2 ಗಂಟೆ 55 ನಿಮಿಷ, 50–54ರವರಿಗೆ 3:20, 60–64ರವರಿಗೆ 3:50.

ಬೇರೆ ದೂರದ ಟೈಮಿಂಗ್ ಊಹಿಸಲು ಅಮೆರಿಕದ ಎಂಜಿನಿಯರ್ ಪೀಟರ್ ರೀಗೆಲ್ ಸೂತ್ರ ಬಳಸುತ್ತಾರೆ: ದೂರಗಳ ಅನುಪಾತದ 1.06ನೇ ಘಾತವನ್ನು ಹಳೆಯ ಸಮಯಕ್ಕೆ ಗುಣಿಸುವುದು. 10 ಕಿ.ಮೀ. 60 ನಿಮಿಷವಾದರೆ ಹಾಫ್ ಮ್ಯಾರಥಾನ್ 2:12, ಮ್ಯಾರಥಾನ್ 4:36. ಹಾಫ್‌ವರೆಗೆ ಇದು ಬಹುಮಟ್ಟಿಗೆ ನಂಬಿಕೆಗೆ ಅರ್ಹ. ವಾರಕ್ಕೆ 30 ಕಿ.ಮೀ. ಓಡುವವರು ಮ್ಯಾರಥಾನಿಗೆ ಇದನ್ನೇ ನಂಬಿದರೆ 32ನೇ ಕಿಲೋಮೀಟರಿನಲ್ಲಿ ಕೂತುಬಿಡುತ್ತಾರೆ. ಅವರು ಘಾತವನ್ನು 1.10 ಹಿಡಿಯಲಿ, ಆಗ 4:52 ಬರುತ್ತದೆ.

ಮರಳಿ ಓಡುವವರಿಗೆ ಸ್ಫೂರ್ತಿಯೆಂದು ಎಡ್ ವಿಟ್ಲಾಕ್ ಹೆಸರು ಹೇಳುವುದುಂಟು. ಇಂಗ್ಲೆಂಡಿನಲ್ಲಿ ಹುಟ್ಟಿ, ಯೌವನದಲ್ಲಿ ಓಡಿ, ಕೆನಡಾಕ್ಕೆ ಹೋದ ಮೇಲೆ ಬಿಟ್ಟು, ನಲವತ್ತರ ನಂತರ ಮತ್ತೆ ಓಡಿದ ಆತ 2004ರಲ್ಲಿ, ತನ್ನ 73ನೇ ವಯಸ್ಸಿನಲ್ಲಿ, ಟೊರಾಂಟೊ ವಾಟರ್‌ಫ್ರಂಟ್ ಮ್ಯಾರಥಾನನ್ನು 2:54:48ಕ್ಕೆ ಮುಗಿಸಿದರು. ಅವರ ದಿನನಿತ್ಯದ ಅಭ್ಯಾಸ ಮನೆ ಬಳಿಯ ಸ್ಮಶಾನದಲ್ಲಿ ಗಂಟೆಗಟ್ಟಲೆ ನಿಧಾನ ಓಟ. ಟೈಮಿಂಗ್ ಉಲ್ಲೇಖಿಸುವವರು ಆ ನಿಧಾನವನ್ನು ಬಿಟ್ಟುಬಿಡುತ್ತಾರೆ.

ಎಲ್ಲಕ್ಕಿಂತ ಉಪಯುಕ್ತ ಹೋಲಿಕೆ ತಿಂಗಳಿಗೊಮ್ಮೆ ನಿಮ್ಮೊಂದಿಗೇ. ಗರಿಷ್ಠ ಹೃದಯಬಡಿತಕ್ಕೆ 220ರಿಂದ ವಯಸ್ಸು ಕಳೆಯುವ ಲೆಕ್ಕಕ್ಕಿಂತ 208ರಿಂದ ವಯಸ್ಸಿನ 0.7 ಪಟ್ಟು ಕಳೆಯುವುದು ಹಿರಿಯರಿಗೆ ಹೊಂದುತ್ತದೆ; 55ಕ್ಕೆ ಅದು ಸುಮಾರು 170, ಹತ್ತು ಬಡಿತ ಅತ್ತಿತ್ತ ಇರಬಹುದು. ಅದರ ಶೇ 75, ಅಂದರೆ 127ರ ಆಸುಪಾಸು ಹಿಡಿದು, ಸಮತಟ್ಟಾದ ಒಂದೇ ದಾರಿಯಲ್ಲಿ, ಅದೇ ಹೊತ್ತಿಗೆ, ಅದೇ ಶೂನಲ್ಲಿ 30 ನಿಮಿಷ ಓಡಿ ದೂರ ಬರೆದಿಡಿ. ನಡುವೆ ನಡೆಯಬೇಕಾದರೆ ನಡೆಯಿರಿ. 3.6 ಕಿ.ಮೀ. ಇದ್ದದ್ದು ಮೂರು ತಿಂಗಳಲ್ಲಿ 4.1 ಆಗಿದ್ದರೆ ಅಭ್ಯಾಸ ಸರಿಯಾಗಿದೆ. ಇದಕ್ಕೆ ಎದೆಪಟ್ಟಿ ಸೆನ್ಸರ್ ಬೇಕು. ಮಣಿಕಟ್ಟಿನ ವಾಚು ಎಷ್ಟೋ ಸಲ ಹೆಜ್ಜೆಯ ಲಯವನ್ನೇ ಬಡಿತವೆಂದು ಎಣಿಸಿ 165 ತೋರಿಸಿ ಗಾಬರಿ ಹುಟ್ಟಿಸುತ್ತದೆ.

ಮೊದಲ 10 ಕಿ.ಮೀ. ರೇಸಿಗೆ ಐದಾರು ತಿಂಗಳು ಬಿಟ್ಟು ಹೆಸರು ಕೊಡಿ. ನೋಂದಣಿಯಲ್ಲಿ ಇಂದಿನ ಟೈಮಿಂಗನ್ನೇ ಬರೆಯಿರಿ, ಹಳೆಯ ಟೈಮಿಂಗ್ ಬರೆದರೆ ಮುಂದಿನ ಗುಂಪಿನಲ್ಲಿ ನಿಲ್ಲಿಸುತ್ತಾರೆ, ಮೊದಲ ಕಿಲೋಮೀಟರಿನಲ್ಲೇ ಆ ಪ್ರವಾಹ ನಿಮ್ಮನ್ನು ಎಳೆದೊಯ್ಯುತ್ತದೆ. ಗುರಿಯ ಪೇಸಿಗಿಂತ ಕಿಲೋಮೀಟರಿಗೆ 15–20 ಸೆಕೆಂಡು ನಿಧಾನವಾಗಿ ಮೊದಲ ಎರಡು ಕಿ.ಮೀ. ಓಡಿ. ರೇಸಿನ ನಂತರದ ವಾರ ನಡಿಗೆ, ಒಂದೆರಡು ಹಗುರ ಓಟ ಅಷ್ಟೇ. ವೇಗದ ಅಭ್ಯಾಸಕ್ಕೆ ಮರಳುವ ಮುಂಚೆ ಮೆಟ್ಟಿಲ ಮೇಲೆ ಹಿಮ್ಮಡಿ ಎತ್ತುವ ಎಣಿಕೆ ಎರಡೂ ಕಾಲಿಗೆ ಮೊದಲಿನಷ್ಟೇ ಬರುತ್ತಿದೆಯೇ ನೋಡಿಕೊಳ್ಳಿ.