ವಾರದ ನಿದ್ದೆ ಬಾಕಿ ಭಾನುವಾರ ತೀರುತ್ತಾ?

ಓದುಗರ ಪ್ರಶ್ನೆ: ಸೋಮವಾರದಿಂದ ಶುಕ್ರವಾರದವರೆಗೆ ರಾತ್ರಿ ಆರು ಗಂಟೆಗಿಂತ ಜಾಸ್ತಿ ನಿದ್ದೆ ಸಿಗುವುದಿಲ್ಲ. ಶನಿವಾರ, ಭಾನುವಾರ ಬೆಳಿಗ್ಗೆ ಹತ್ತರವರೆಗೆ ಮಲಗಿ ಸರಿ ಮಾಡಿಕೊಳ್ಳುತ್ತೇನೆ. ಮೊದಮೊದಲು ಕಷ್ಟ ಆಗುತ್ತಿತ್ತು, ಈಗ ಅಭ್ಯಾಸ ಆಗಿಬಿಟ್ಟಿದೆ. ಇದರಿಂದ ತೊಂದರೆ ಏನಾದರೂ ಇದೆಯಾ?

ಉತ್ತರ: ಬಾಕಿ ಸ್ವಲ್ಪ ತೀರುತ್ತದೆ, ಪೂರ್ತಿ ತೀರುವುದಿಲ್ಲ. ಆದರೆ ನಿಮ್ಮ ಪ್ರಶ್ನೆ ಓದಿದಾಗ ಭಾನುವಾರಕ್ಕಿಂತ ನನಗೆ ಜಾಸ್ತಿ ಚಿಂತೆ ಹಚ್ಚಿದ್ದು 'ಈಗ ಅಭ್ಯಾಸ ಆಗಿಬಿಟ್ಟಿದೆ' ಅನ್ನುವ ಮಾತು. ನಿದ್ದೆಯ ಬಗ್ಗೆ ಹಬ್ಬಿರುವ ತಪ್ಪು ನಂಬಿಕೆಗಳಲ್ಲಿ ಇದಕ್ಕಿಂತ ಅಪಾಯದ್ದು ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಅಲ್ಲಿಂದಲೇ ಶುರು ಮಾಡೋಣ.

ಒಬ್ಬ ಮನುಷ್ಯ ಎಷ್ಟು ಎಚ್ಚರವಾಗಿದ್ದಾನೆ ಅಂತ ಅಳೆಯಲು ಸಂಶೋಧಕರು ಒಂದು ಸರಳ ಪರೀಕ್ಷೆ ಮಾಡುತ್ತಾರೆ. ಬೆರಳ ಕೆಳಗೆ ಒಂದು ಬಟನ್, ಎದುರಿಗೆ ಒಂದು ಪುಟ್ಟ ಪರದೆ. ಪರದೆ ಖಾಲಿ ಇರುತ್ತದೆ. ಎರಡು ಸೆಕೆಂಡಿಗೋ, ಏಳು ಸೆಕೆಂಡಿಗೋ, ಹತ್ತಕ್ಕೋ, ಯಾವಾಗ ಅಂತ ಗೊತ್ತಾಗದ ಹಾಗೆ ಅಲ್ಲಿ ಅಂಕಿಗಳು ಓಡತೊಡಗುತ್ತವೆ. ಕಂಡ ಕೂಡಲೇ ಬಟನ್ ಒತ್ತಬೇಕು. ಒತ್ತಿದಾಗ ಅಂಕಿ ನಿಲ್ಲುತ್ತದೆ, ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅಂತ ಅದೇ ತೋರಿಸುತ್ತದೆ. ಮತ್ತೆ ಖಾಲಿ ಪರದೆ, ಮತ್ತೆ ಕಾಯುವುದು. ಹೀಗೆ 10 ನಿಮಿಷ. ಚೆನ್ನಾಗಿ ಮಲಗಿ ಎದ್ದವರು ಸುಮಾರು ಕಾಲು ಸೆಕೆಂಡಿನಲ್ಲಿ ಒತ್ತುತ್ತಾರೆ. ಅರ್ಧ ಸೆಕೆಂಡ್ ದಾಟಿದರೆ ಗಮನ ತಪ್ಪಿತು ಅಂತ ಲೆಕ್ಕ. ಇದರಲ್ಲಿ ಬುದ್ಧಿವಂತಿಕೆ ಬೇಕಿಲ್ಲ, ನೆನಪಿನ ಶಕ್ತಿ ಬೇಕಿಲ್ಲ. ಸುಮ್ನೆ ಎಚ್ಚರ ಇದ್ದರೆ ಸಾಕು. ಅದಕ್ಕೇ ನಿದ್ದೆಗೆಟ್ಟವರನ್ನು ಇದು ತಪ್ಪದೆ ಹಿಡಿದು ಹಾಕುತ್ತದೆ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹಾನ್ಸ್ ವಾನ್ ಡಾಂಗೆನ್, ಡೇವಿಡ್ ಡಿಂಜಸ್ ಮತ್ತು ಅವರ ಜೊತೆಗಾರರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಪರೀಕ್ಷೆ ಇತ್ತು. ಆರೋಗ್ಯವಂತರನ್ನು ಗುಂಪು ಮಾಡಿ, 14 ರಾತ್ರಿ ಒಂದು ಗುಂಪಿಗೆ 8 ಗಂಟೆ, ಇನ್ನೊಂದಕ್ಕೆ 6, ಮತ್ತೊಂದಕ್ಕೆ 4 ಗಂಟೆ ಮಾತ್ರ ಮಲಗಲು ಬಿಟ್ಟರು. ಬೇರೊಂದು ಗುಂಪು ಮೂರು ದಿನ ಮಲಗಲೇ ಇಲ್ಲ. 6 ಮತ್ತು 4 ಗಂಟೆಯವರ ಗಮನ ದಿನದಿಂದ ದಿನಕ್ಕೆ ಇಳಿಯುತ್ತಲೇ ಹೋಯಿತು. ಎರಡು ವಾರ ಮುಗಿಯುವ ಹೊತ್ತಿಗೆ ಒಂದೆರಡು ರಾತ್ರಿ ರೆಪ್ಪೆಯನ್ನೇ ಮುಚ್ಚದವರ ಮಟ್ಟಕ್ಕೆ ಬಂದು ನಿಂತಿದ್ದರು. ಆದರೆ 'ನಿದ್ದೆ ಎಷ್ಟು ಎಳೆಯುತ್ತಿದೆ?' ಅಂತ ಕೇಳಿದರೆ ಅವರ ಉತ್ತರ ಬೇರೆ. ಮೊದಲ ಕೆಲವು ದಿನ ತೂಕಡಿಕೆ ಏರಿತು, ಆಮೇಲೆ ಅಲ್ಲೇ ನಿಂತುಬಿಟ್ಟಿತು. ಸ್ವಲ್ಪ ಮಂಪರು ಇದೆ, ಅಷ್ಟೇ ಅಂತ ಅವರ ಅಂದಾಜು.

ಅಂದರೆ ಅಭ್ಯಾಸ ಆಗುವುದು ತೂಕಡಿಕೆಯ ಅನುಭವಕ್ಕೆ. ಮಿದುಳಿನ ಕೆಲಸಕ್ಕೆ ಅಭ್ಯಾಸ ಆಗುವುದಿಲ್ಲ. ನಿದ್ದೆ ಕಮ್ಮಿಯಾದಾಗ ನಮ್ಮನ್ನು ನಾವೇ ಅಳೆದುಕೊಳ್ಳುವ ಶಕ್ತಿಯೂ ಕೈಕೊಡುತ್ತದೆ. ಹಾಗಾಗಿ 'ನನಗೇನೂ ಆಗಿಲ್ಲ' ಅನ್ನುವ ಸಾಕ್ಷಿಯನ್ನು ಅಷ್ಟಾಗಿ ನಂಬುವ ಹಾಗಿಲ್ಲ.

ನೀವು ಗಾಡಿ ಓಡಿಸುವವರಾಗಿದ್ದರೆ ಇದನ್ನು ದಯವಿಟ್ಟು ಇನ್ನೊಮ್ಮೆ ಓದಿ. ನಿದ್ದೆ ಬಾಕಿ ಇರುವಾಗ ಮಿದುಳು ಕೆಲವು ಸೆಕೆಂಡ್ ಪೂರ್ತಿ ನಿದ್ದೆಗೆ ಜಾರಿ ಮತ್ತೆ ಎಚ್ಚರಾಗುವುದುಂಟು. ಕಣ್ಣು ತೆರೆದೇ ಇರಬಹುದು. ಜಾರಿದ್ದು ಎಷ್ಟೋ ಸಲ ನಮಗೇ ಗೊತ್ತಾಗುವುದಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ನಾಲ್ಕು ಸೆಕೆಂಡಿನಲ್ಲಿ ಹತ್ತಿರ ಹತ್ತಿರ 90 ಮೀಟರ್ ಮುಂದೆ ಹೋಗಿರುತ್ತದೆ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಇದಕ್ಕೆ ಮದ್ದಲ್ಲ. ಗಾಡಿ ಬದಿಗೆ ಹಾಕಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚುವುದೇ ದಾರಿ.

'ಕೆಲವರಿಗೆ ಆರು ಗಂಟೆ ಸಾಕಾಗುತ್ತದಲ್ವಾ?' ಅಂತ ನೀವು ಕೇಳಬಹುದು. ಹೌದು, ಅಂಥವರು ಇದ್ದಾರೆ. ವಿಜ್ಞಾನಿ ಯಿಂಗ್-ಹುಯಿ ಫು ಅವರ ತಂಡ 2009ರಲ್ಲಿ ಡಿಇಸಿ2 ಅನ್ನುವ ಜೀನ್‌ನಲ್ಲಿ ಅಂಥದ್ದೊಂದು ಬದಲಾವಣೆಯನ್ನು ಗುರುತಿಸಿತು. ಅದು ಇರುವವರು ಕಮ್ಮಿ ಮಲಗಿಯೂ ಲವಲವಿಕೆಯಿಂದ ಇರುತ್ತಾರೆ. ಆದರೆ ಇವರು ತೀರಾ ಅಪರೂಪ. ಅವರನ್ನು ಗುರುತಿಸುವುದೂ ಸುಲಭ: ರಜೆ ಇದ್ದರೂ, ಅಲಾರಂ ಇಲ್ಲದಿದ್ದರೂ, ಅಷ್ಟೇ ಹೊತ್ತು ಮಲಗಿ ತಾವಾಗಿಯೇ ಏಳುತ್ತಾರೆ. ನೀವು ಭಾನುವಾರ ಹತ್ತರವರೆಗೆ ಮಲಗುತ್ತೀರಿ. ನಿಮ್ಮ ದೇಹ ಅಲ್ಲಿಗೇ ಉತ್ತರ ಕೊಟ್ಟಿದೆ. ಬಹುಪಾಲು ದೊಡ್ಡವರಿಗೆ ಕನಿಷ್ಠ 7 ಗಂಟೆ ಬೇಕು ಅಂತ ಅಮೆರಿಕದ ನಿದ್ರಾ ವೈದ್ಯರ ಮತ್ತು ಸಂಶೋಧಕರ ಸಂಘಗಳು 2015ರಲ್ಲಿ ಒಟ್ಟಾಗಿ ಹೇಳಿವೆ. ಎಲ್ಲರಿಗೂ ಸರಿಯಾಗಿ ಎಂಟೇ ಗಂಟೆ ಅನ್ನುವುದೂ ಒಂದು ಉತ್ಪ್ರೇಕ್ಷೆಯೇ. ಕೆಲವರಿಗೆ ಏಳು ಸಾಕು, ಕೆಲವರಿಗೆ ಒಂಬತ್ತು ಬೇಕು.

ಈಗ ಭಾನುವಾರಕ್ಕೆ ಬರೋಣ.

ನಾವು ಎಚ್ಚರ ಇರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಅನ್ನುವ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ಹೆಚ್ಚಿದ ಹಾಗೆ ನಿದ್ದೆಯ ಒತ್ತಡವೂ ಹೆಚ್ಚುತ್ತದೆ. ಮಲಗಿದಾಗ ಕರಗುತ್ತದೆ. ಕಾಫಿಯಲ್ಲಿರುವ ಕೆಫೀನ್ ಈ ಅಡೆನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ಅಡೆನೋಸಿನ್ ಹಾಗೇ ಇರುತ್ತದೆ, ಅದರ ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ ಅಷ್ಟೇ.

ತುಂಬಾ ನಿದ್ದೆಗೆಟ್ಟಾಗ ಮಿದುಳು ಕಳೆದುಕೊಂಡ ಗಂಟೆಗಳನ್ನೆಲ್ಲ ಒಂದೊಂದಾಗಿ ವಸೂಲಿ ಮಾಡುವುದಿಲ್ಲ. 1963ರ ಡಿಸೆಂಬರ್ ಕೊನೆಯಿಂದ 1964ರ ಜನವರಿಯವರೆಗೆ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ರ‍್ಯಾಂಡಿ ಗಾರ್ಡ್ನರ್ ಅನ್ನುವ 17ರ ಹುಡುಗ 264 ಗಂಟೆ, ಅಂದರೆ 11 ದಿನ, ನಿದ್ದೆ ಬಿಟ್ಟಿದ್ದ. ಕೊನೆಗೆ ಮಲಗಿದಾಗ ಮೊದಲ ಸಲ ಸುಮಾರು 14 ಗಂಟೆ ಮಲಗಿದ. ಹನ್ನೊಂದು ರಾತ್ರಿಯ ನಿದ್ದೆಗೆ ಹೋಲಿಸಿದರೆ ಅದು ತುಂಬಾ ಕಮ್ಮಿ. ಆ ಹೊತ್ತಿನಲ್ಲಿ ಮಿದುಳು ಗಾಢ ನಿದ್ದೆ ಮತ್ತು ಕನಸಿನ ನಿದ್ದೆಯ ಪಾಲನ್ನು ಜಾಸ್ತಿ ಮಾಡಿಕೊಂಡಿತು. ಹಾಗಾಗಿ ಒಂದು ಉದ್ದ ನಿದ್ದೆಯ ನಂತರ ನಿಮಗೆ ಹಗುರ ಅನ್ನಿಸುವುದು ಭ್ರಮೆಯಲ್ಲ. (ಇದನ್ನು ಯಾರೂ ಮನೆಯಲ್ಲಿ ಮಾಡಿ ನೋಡಬೇಡಿ. ದಾಖಲೆಗಳ ಪುಸ್ತಕ ನಡೆಸುವ ಗಿನ್ನೆಸ್ ಕೂಡ ಆರೋಗ್ಯಕ್ಕೆ ಅಪಾಯ ಅಂತ ಈ ವಿಭಾಗವನ್ನೇ ಕೈಬಿಟ್ಟಿದೆ.)

ಆದರೆ ಹಗುರ ಅನ್ನಿಸುವುದು ಬೇರೆ, ಸರಿಹೋಗುವುದು ಬೇರೆ. ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯವರು ಒಂದು ವಾರ ಕಮ್ಮಿ ಮಲಗಿದವರಿಗೆ ಆಮೇಲೆ ಮೂರು ರಾತ್ರಿ ಎಂಟೆಂಟು ಗಂಟೆ ಮಲಗಲು ಬಿಟ್ಟು ನೋಡಿದರು. ಗಮನ ಮೊದಲಿನ ಮಟ್ಟಕ್ಕೆ ಮರಳಲಿಲ್ಲ. ನಿಮಗೆ ಸಿಗುವುದು ಎರಡೇ ಬೆಳಗು. 2019ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದ ತಂಡ ಇನ್ಸುಲಿನ್ ಕಡೆಯಿಂದ ನೋಡಿತು. ವಾರದ ದಿನ ಕಮ್ಮಿ ಮಲಗಿ ವಾರಾಂತ್ಯದಲ್ಲಿ ಬೇಕಾದಷ್ಟು ಮಲಗಿದವರು ಮತ್ತೆ ಕಮ್ಮಿ ನಿದ್ದೆಗೆ ಮರಳಿದಾಗ, ಅವರ ದೇಹ ಇನ್ಸುಲಿನ್‌ಗೆ ಸ್ಪಂದಿಸುವುದು ಕುಗ್ಗಿತ್ತು. ರಾತ್ರಿ ಊಟದ ನಂತರ ಏನಾದರೂ ತಿನ್ನುವ ಚಟವೂ ಮರಳಿತ್ತು.

ಇನ್ನೊಂದು ಪಕ್ಕವನ್ನೂ ಹೇಳದಿದ್ದರೆ ಅನ್ಯಾಯ. ಸ್ವೀಡನ್‌ನಲ್ಲಿ 43,000ಕ್ಕೂ ಹೆಚ್ಚು ಜನರನ್ನು 13 ವರ್ಷ ಗಮನಿಸಿದ ಅಧ್ಯಯನ ಒಂದಿದೆ. 65 ವರ್ಷದೊಳಗಿನವರಲ್ಲಿ, ವಾರವಿಡೀ ಕಮ್ಮಿ ಮಲಗಿ ವಾರಾಂತ್ಯದಲ್ಲೂ ಕಮ್ಮಿಯೇ ಮಲಗಿದವರಿಗೆ ಸಾವಿನ ಅಪಾಯ ಹೆಚ್ಚಿತ್ತು. ವಾರಾಂತ್ಯದಲ್ಲಿ ಜಾಸ್ತಿ ಮಲಗಿದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಇಂಥ ಅಧ್ಯಯನ ಕಾರಣವನ್ನು ಸಾಬೀತು ಮಾಡುವುದಿಲ್ಲ, ನಿಜ. ಆದರೂ ನನ್ನ ಅಭಿಪ್ರಾಯ ಕೇಳಿದರೆ, ವಾರ ಹಾಳಾಗಿಯೇ ಹೋಗಿದೆ ಅಂದರೆ ಭಾನುವಾರ ಮಲಗಿ. ಅದಕ್ಕೆ ತಪ್ಪಿತಸ್ಥ ಭಾವನೆ ಬೇಡ. ಆದರೆ ಭಾನುವಾರ ಇದೆಯಲ್ಲ ಅಂತ ನೆಚ್ಚಿಕೊಂಡು ವಾರವನ್ನು ಹಾಳು ಮಾಡಬೇಡಿ.

ಹತ್ತರವರೆಗೆ ಮಲಗುವುದರಲ್ಲಿ ಇನ್ನೊಂದು ತೊಡಕಿದೆ. ಎಂದಿನ ಹಾಗೆ ಆರಕ್ಕೆ ಏಳುವವರು ರಾತ್ರಿ ಹನ್ನೆರಡಕ್ಕೆ ಮಲಗುವ ಹೊತ್ತಿಗೆ 18 ಗಂಟೆ ಎಚ್ಚರ ಇದ್ದಿರುತ್ತಾರೆ. ದಿಂಬಿಗೆ ತಲೆ ಇಟ್ಟರೆ ನಿದ್ದೆ. ಭಾನುವಾರ ಹತ್ತಕ್ಕೆ ಎದ್ದು, 'ನಾಳೆ ಕೆಲಸ ಇದೆ, ಬೇಗ ಮಲಗೋಣ' ಅಂತ ಹತ್ತೂವರೆಗೇ ಹಾಸಿಗೆ ಸೇರಿದರೆ ಎಚ್ಚರ ಇದ್ದದ್ದು ಹನ್ನೆರಡೂವರೆ ಗಂಟೆ ಮಾತ್ರ. ಅಡೆನೋಸಿನ್ ಇನ್ನೂ ಅಷ್ಟು ಸೇರಿಲ್ಲ. ಜೊತೆಗೆ ಬೆಳಗಿನ ಬೆಳಕು ತಡವಾಗಿ ಕಣ್ಣಿಗೆ ಬಿದ್ದಿದ್ದರಿಂದ ದೇಹದ ಗಡಿಯಾರವೂ ತಡವಾಗಿ ನಡೆಯುತ್ತಿದೆ. ಮಗ್ಗುಲು ಬದಲಿಸುತ್ತೀರಿ. ಮೊಬೈಲ್ ಕೈಗೆ ಬರುತ್ತದೆ. ಒಂದು ಗಂಟೆಗೆ ಹೇಗೋ ಕಣ್ಣು ಹತ್ತುತ್ತದೆ, ಆರಕ್ಕೆ ಅಲಾರಂ. ಹೊಸ ವಾರ ಐದು ಗಂಟೆ ನಿದ್ದೆಯಿಂದ ಶುರು. ಇದನ್ನು ನಿದ್ರಾಹೀನತೆ ಅಂದುಕೊಂಡು ಗಾಬರಿಯಾಗುವವರಿದ್ದಾರೆ. ಜರ್ಮನಿಯ ಸಂಶೋಧಕ ಟಿಲ್ ರೋನೆಬರ್ಗ್ ಇದಕ್ಕೆ 'ಸೋಷಿಯಲ್ ಜೆಟ್ ಲ್ಯಾಗ್' ಅಂತ ಹೆಸರಿಟ್ಟರು. ವಿಮಾನ ಹತ್ತದೆಯೇ ಪ್ರತಿ ವಾರ ಬೇರೆ ಟೈಮ್ ಝೋನ್‌ಗೆ ಹೋಗಿ ಬಂದ ಹಾಗೆ ದೇಹ ಒದ್ದಾಡುತ್ತದೆ.

ಹಾಗಾದರೆ ಏನು ಮಾಡುವುದು? ರಜೆಯ ದಿನವೂ ಏಳುವ ಹೊತ್ತು ಒಂದು ಗಂಟೆಗಿಂತ ಜಾಸ್ತಿ ಮುಂದೆ ಹೋಗದಿರಲಿ. ಬಾಕಿ ನಿದ್ದೆಯನ್ನು ಬೆಳಗಿನ ಕಡೆಯಿಂದ ತೆಗೆದುಕೊಳ್ಳುವ ಬದಲು ರಾತ್ರಿಯ ಕಡೆಯಿಂದ ತೆಗೆದುಕೊಳ್ಳಿ, ಅಂದರೆ ಶುಕ್ರವಾರ, ಶನಿವಾರ ರಾತ್ರಿ ಬೇಗ ಮಲಗಿ. ಸಾಲದಿದ್ದರೆ ಮಧ್ಯಾಹ್ನ ಮೂರರೊಳಗೆ ಒಂದು ಇಪ್ಪತ್ತು ನಿಮಿಷದ ಜೊಂಪು ಇರಲಿ. ಅದಕ್ಕಿಂತ ಉದ್ದವಾದರೆ ಗಾಢ ನಿದ್ದೆಗೆ ಜಾರಿ, ಎದ್ದಾಗ ತಲೆ ಭಾರ ಆಗುತ್ತದೆ. ಎದ್ದ ಕೂಡಲೇ ಹೊರಗಿನ ಬೆಳಕಿಗೆ ಬನ್ನಿ. ದೇಹದ ಗಡಿಯಾರ ಸರಿಪಡಿಸಲು ಇದಕ್ಕಿಂತ ಗಟ್ಟಿ ಉಪಾಯ ಇಲ್ಲ. ಕಾಫಿಯನ್ನು ಮಧ್ಯಾಹ್ನಕ್ಕೇ ಮುಗಿಸಿ. ಕೆಫೀನ್‌ನ ಅರ್ಧ ಪಾಲು ದೇಹದಿಂದ ಹೋಗಲು ಸರಾಸರಿ ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹತ್ತಕ್ಕೂ ಒಳಗೇ ಇರುತ್ತದೆ.

ಇಷ್ಟಾದರೂ ನಿಜವಾದ ಕೆಲಸ ಇರುವುದು ವಾರದ ದಿನಗಳಲ್ಲೇ. ಒಂದೇ ಸಲ ಎರಡು ಗಂಟೆ ಸೇರಿಸಲು ಹೊರಟರೆ ಆಗುವುದಿಲ್ಲ. ಈ ವಾರ ಮಲಗುವ ಹೊತ್ತನ್ನು ಹದಿನೈದು ನಿಮಿಷ ಹಿಂದೆ ತನ್ನಿ, ಮುಂದಿನ ವಾರ ಇನ್ನೊಂದು ಹದಿನೈದು. ಹೀಗೆ ಸೇರಿಸುವ ಹೊತ್ತು ಯಾಕೆ ಅಷ್ಟು ಮುಖ್ಯ ಅಂದರೆ, ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಗಾಢ ನಿದ್ದೆ ಮೊದಲ ಸುತ್ತುಗಳಲ್ಲಿ ಜಾಸ್ತಿ, ಕನಸಿನ ನಿದ್ದೆ ಕೊನೆಯ ಸುತ್ತುಗಳಲ್ಲಿ ಜಾಸ್ತಿ. ಅಲಾರಂ ಇಟ್ಟು ಕೊನೆಯ ಒಂದೂವರೆ ಗಂಟೆ ಕತ್ತರಿಸಿದರೆ ಕನಸಿನ ನಿದ್ದೆಯ ದೊಡ್ಡ ಪಾಲೇ ಹೋಗುತ್ತದೆ. ನಡುರಾತ್ರಿಗಿಂತ ಮುಂಚಿನ ಒಂದು ಗಂಟೆ ಆಮೇಲಿನ ಎರಡು ಗಂಟೆಗೆ ಸಮ ಅನ್ನುವ ಮಾತು ಹುಟ್ಟಿದ್ದೂ ಬಹುಶಃ ಈ ಗಾಢ ನಿದ್ದೆಯಿಂದ ಇರಬೇಕು. ಆದರೆ ಅದು ಬರುವುದು ಮಲಗಿದ ಮೊದಲ ಗಂಟೆಗಳಲ್ಲಿ, ಗಡಿಯಾರದ ಹನ್ನೆರಡು ನೋಡಿಕೊಂಡಲ್ಲ. ಒಂದು ಪೆಗ್ ಹಾಕಿದರೆ ಚೆನ್ನಾಗಿ ನಿದ್ದೆ ಬರುತ್ತದೆ ಅನ್ನುವುದೂ ಅರ್ಧ ಸತ್ಯ. ಬೇಗ ಬರುತ್ತದೆ, ರಾತ್ರಿಯ ಎರಡನೇ ಅರ್ಧದಲ್ಲಿ ಚೂರು ಚೂರಾಗುತ್ತದೆ.

ಕೊನೆಗೆ ಒಂದು ಮಾತು ಬಾಕಿ ಇದೆ. ಮೂರು ನಾಲ್ಕು ವಾರ ಏಳೆಂಟು ಗಂಟೆ ಮಲಗಿದ ಮೇಲೂ ಹಗಲು ತೂಕಡಿಕೆ ಹೋಗದಿದ್ದರೆ ಗಂಟೆ ಎಣಿಸುವುದನ್ನು ಬಿಟ್ಟು ಡಾಕ್ಟರನ್ನು ನೋಡಿ. ಜೋರಾಗಿ ಗೊರಕೆ ಹೊಡೆಯುತ್ತೀರಾ, ಉಸಿರು ನಡುನಡುವೆ ನಿಂತು ಮತ್ತೆ ಏದುಸಿರಿನೊಂದಿಗೆ ಶುರುವಾಗುತ್ತದಾ ಅಂತ ಪಕ್ಕದಲ್ಲಿ ಮಲಗುವವರನ್ನು ಕೇಳಿ. ಗೊರಕೆ ಅಂದರೆ ಒಳ್ಳೆ ನಿದ್ದೆಯ ಗುರುತು ಅಂತ ತುಂಬಾ ಜನ ತಿಳಿದಿದ್ದಾರೆ. ಉಸಿರು ನಿಲ್ಲುವ ಗೊರಕೆ ಸ್ಲೀಪ್ ಆಪ್ನಿಯಾ ಇರಬಹುದು. ಅದರಲ್ಲಿ ಗಂಟಲಿನ ದಾರಿ ಮುಚ್ಚಿಕೊಂಡಾಗಲೆಲ್ಲ ಮಿದುಳು ಕ್ಷಣ ಎಚ್ಚರಾಗಿ ಉಸಿರು ಎಳೆಸುತ್ತದೆ, ಅದು ಬೆಳಿಗ್ಗೆ ನೆನಪೂ ಇರುವುದಿಲ್ಲ. ಇದಕ್ಕೆ ಪರೀಕ್ಷೆ ಇದೆ, ಮನೆಯಲ್ಲೇ ಮಾಡುವ ಸಾಧನಗಳೂ ಬಂದಿವೆ. ಮುಖವಾಡದ ಮೂಲಕ ಗಾಳಿ ಒತ್ತಿ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಹೆಚ್ಚಿನವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಲಗಲು ಸಮಯ ಇದ್ದೂ ನಿದ್ದೆಯೇ ಬಾರದವರ ಕಥೆ ಬೇರೆ. ಅವರಿಗೆ ಮಾತ್ರೆಗಿಂತ ಮೊದಲು ಕೊಡಬೇಕಾದ ಚಿಕಿತ್ಸೆ ಸಿಬಿಟಿ-ಐ, ಅಂದರೆ ನಿದ್ದೆಯ ಬಗೆಗಿನ ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಮಾತಿನ ಚಿಕಿತ್ಸೆ. ಹಾಸಿಗೆಯಲ್ಲಿ ಎಚ್ಚರವಾಗಿ ಒದ್ದಾಡುವ ಅಭ್ಯಾಸವನ್ನು ಅದು ಕೆಲವೇ ವಾರಗಳಲ್ಲಿ ಬಿಡಿಸಲು ನೋಡುತ್ತದೆ. ಡಾಕ್ಟರ ಹತ್ತಿರ ಹೋದಾಗ ಅದರ ಹೆಸರು ಹೇಳಿಯೇ ಕೇಳಿ.