ಗೋಡೆ ಒಡೆಯುವ ಮುಂಚೆ ಒಂದು ಹೊತ್ತಿನ ಅಡುಗೆ ನೋಡಿ

"ಅಡುಗೆಮನೆ ತುಂಬಾ ಇಕ್ಕಟ್ಟು, ಈ ಗೋಡೆ ತೆಗೆದುಬಿಡಿ." ಅಡುಗೆಮನೆ ಬದಲಾಯಿಸಿಕೊಡಲು ನನ್ನನ್ನು ಕರೆಸಿದವರು ಹೆಚ್ಚಾಗಿ ಬಾಗಿಲಲ್ಲೇ ಈ ಮಾತು ಹೇಳುತ್ತಾರೆ. ನಾನು ಟೇಪು ತೆಗೆಯುವುದಿಲ್ಲ. "ದಿನಾ ಮಾಡುವ ಹಾಗೆ ಅಡುಗೆ ಮಾಡಿ" ಅಂತ ಹೇಳಿ ಒಂದು ಮೂಲೆಯಲ್ಲಿ ನಿಂತುಕೊಳ್ಳುತ್ತೇನೆ.

ಒಂದು ಮನೆಯಲ್ಲಿ ಹೀಗೆ ನಿಂತಿದ್ದೆ. ಮನೆಯವರು ಫ್ರಿಜ್ ಬಾಗಿಲು ತೆಗೆದರು, ಅದು ಅಡುಗೆಮನೆಯ ಬಾಗಿಲಿಗೆ ಬಡಿಯಿತು. ತರಕಾರಿ ಹೆಚ್ಚಲು ಜಾಗವಿಲ್ಲದೆ ಸಿಂಕಿನ ಅಂಚಿನ ಮೇಲೆ ಹಲಗೆ ಇಟ್ಟುಕೊಂಡರು. ಏಳು ಅಡಿ ಕಟ್ಟೆಯಲ್ಲಿ ಖಾಲಿ ಇದ್ದದ್ದು ಒಂದು ಗೇಣು. ಉಳಿದದ್ದೆಲ್ಲ ಮಿಕ್ಸಿ, ಓವನ್, ಡಬ್ಬಗಳ ಪಾಲು. ಮಗ ನೀರು ಕುಡಿಯಲು ಒಳಗೆ ಬಂದ. ಅವರು ಚಾಕು ಕೆಳಗಿಟ್ಟು, ಗೋಡೆಗೆ ಒರಗಿ ದಾರಿ ಬಿಟ್ಟರು. ಹತ್ತು ನಿಮಿಷದಲ್ಲಿ ಮೂರು ಸಲ ಹೀಗಾಯಿತು.

ಆ ಮನೆಯಲ್ಲಿ ಮೊದಲು ಬಾಗಿಲು ಕಳಚಿಸಿದೆ. ಫ್ರಿಜ್ಜನ್ನು ಹೊಸ್ತಿಲ ಆಚೆಗೆ ತಂದೆವು, ಓವನ್ ಶೆಲ್ಫ್ ಮೇಲೆ ಹೋಯಿತು. ಇಕ್ಕಟ್ಟಿನ ಅರ್ಧ ಅಲ್ಲೇ ಕಳೆಯಿತು. ಗೋಡೆಯ ಮಾತು ಬಂದದ್ದು ಆಮೇಲೆ.

ಜಾಗ ಚಿಕ್ಕದಾದರೆ ಅಡುಗೆಮನೆ ಕೆಟ್ಟದ್ದು ಅಂತೇನೂ ಇಲ್ಲ. 1926ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟ್ಟೆ-ಲಿಹೋಟ್ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಚಿಕ್ಕ ಮನೆಗಳಿಗೆ ರೂಪಿಸಿದ 'ಫ್ರಾಂಕ್‌ಫರ್ಟ್ ಅಡುಗೆಮನೆ'ಯ ಅಗಲ 2 ಮೀಟರ್ ಕೂಡ ಇರಲಿಲ್ಲ, ಉದ್ದ ಸುಮಾರು 3.4 ಮೀಟರ್. ಕೆಲಸ ಮಾಡುವವರು ಎಷ್ಟು ಹೆಜ್ಜೆ ಹಾಕುತ್ತಾರೆ ಅಂತ ಲೆಕ್ಕ ಹಾಕಿ ಮಾಡಿದ್ದು ಅದು. ಒಲೆ, ಸಿಂಕ್, ಫ್ರಿಜ್ ಒಂದಕ್ಕೊಂದು ನಾಲ್ಕರಿಂದ ಒಂಬತ್ತು ಅಡಿ ದೂರದಲ್ಲಿದ್ದರೆ ಓಡಾಟ ಹಿತವಾಗಿರುತ್ತದೆ. ನಡುವೆ ಓಡಾಡುವ ದಾರಿ ಒಬ್ಬರಿಗೆ ಮೂರೂವರೆ ಅಡಿ, ಇಬ್ಬರು ಒಟ್ಟಿಗೆ ಅಡುಗೆ ಮಾಡುವ ಮನೆಯಾದರೆ ನಾಲ್ಕು ಅಡಿ ಇರಲಿ.

ಈಗ ಗೋಡೆ. ತಟ್ಟಿ ನೋಡಿ "ಇದು ಸುಮ್ನೆ ಅಡ್ಡಗೋಡೆ, ಒಡೆಯಬಹುದು" ಅನ್ನುವವರನ್ನು ದಯವಿಟ್ಟು ನಂಬಬೇಡಿ. ತೆಳ್ಳಗಿನ ಗೋಡೆಯೂ ಮೇಲಿನ ಭಾರ ಹೊತ್ತಿರಬಹುದು. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ, ಬರೆದು ಕೊಟ್ಟ ಮೇಲೆಯೇ ಸುತ್ತಿಗೆ ಎತ್ತಬೇಕು. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಗೋಡೆಯ ಒಳಗೆ ಏನಿದೆ ಅನ್ನುವುದೂ ಗೊತ್ತಿರಬೇಕು. ಕೆಲಸ ಶುರುಮಾಡಿದ ಹೊಸತರಲ್ಲಿ ನಾನು ಸ್ವಿಚ್ ಬೋರ್ಡಿನ ಭಾಗ ಬಿಟ್ಟು ಉಳಿದದ್ದನ್ನು ಒಡೆಸಿದ್ದೆ. ಪಕ್ಕದ ರೂಮಿನ ವೈರು ಅದೇ ಗೋಡೆಯಲ್ಲಿ ಅಡ್ಡಡ್ಡ ಹೋಗಿತ್ತು. ಮೇನ್ ಆಫ್ ಮಾಡಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಆ ರಾತ್ರಿ ಅರ್ಧ ಮನೆಗೆ ಕರೆಂಟ್ ಇರಲಿಲ್ಲ. ಅಲ್ಲಿಂದ ಈಚೆಗೆ ಪ್ರತಿ ವೈರು, ಪ್ರತಿ ಪೈಪು ಎಲ್ಲಿ ಹೋಗಿದೆ ಅಂತ ಹುಡುಕಿ ಸೀಮೆಸುಣ್ಣದಲ್ಲಿ ಗುರುತು ಹಾಕಿಸುತ್ತೇನೆ.

ಒಡೆಯಬಹುದು ಅಂತ ಗೊತ್ತಾದ ಮೇಲೂ ಪೂರ್ತಿ ಒಡೆಸುವುದು ನನಗೆ ಅಷ್ಟು ಇಷ್ಟವಿಲ್ಲ. ಚಿಕ್ಕ ಮನೆಗೆ ಅರ್ಧ ಗೋಡೆಯೇ ಸರಿ ಅಂತ ನನ್ನ ಅಭಿಪ್ರಾಯ. ಕೆಳಗಿನ ಮೂರೂವರೆ ಅಡಿ ಉಳಿಸಿ, ಮೇಲಿನದನ್ನು ತೆರೆಯಿರಿ. ಕಟ್ಟೆ ಸಾಮಾನ್ಯವಾಗಿ ಮೂರು ಅಡಿಗಿಂತ ಸ್ವಲ್ಪ ಕಡಿಮೆ ಎತ್ತರ ಇರುತ್ತದೆ. ಅದರ ಮೇಲೆ ಗೋಡೆ ಇನ್ನೂ ಅರ್ಧ ಅಡಿಯಷ್ಟು ಎದ್ದು ನಿಂತರೆ, ಹಾಲ್‌ನಲ್ಲಿ ಕೂತವರಿಗೆ ತೊಳೆಯದ ಪಾತ್ರೆ ಕಾಣುವುದಿಲ್ಲ. ಸಿಂಕಿನ ನೀರು ಆಚೆ ಸಿಡಿಯುವುದಿಲ್ಲ. ಪ್ಲಗ್ ಪಾಯಿಂಟ್ ಕೂರಿಸಲು ಗೋಡೆಯೂ ಉಳಿಯುತ್ತದೆ. ಬೆಳಕು, ಮಾತುಕತೆ ಎರಡೂ ಒಳಗೆ ಬರುತ್ತವೆ. ಅಡುಗೆ ಮಾಡುವವರು ಒಬ್ಬರೇ ಗೋಡೆ ನೋಡುತ್ತಾ ನಿಲ್ಲುವುದು ತಪ್ಪಬೇಕು, ಅಲ್ವಾ? ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ಅದು.

ಸಿಂಕನ್ನು ಆದಷ್ಟೂ ಕದಲಿಸಬೇಡಿ. ಕೊಳೆ ನೀರಿನ ಪೈಪಿಗೆ ಒಂದೊಂದು ಅಡಿಗೂ ಕಾಲಿಂಚು ವಾಟ, ಅಂದರೆ ಇಳಿಜಾರು ಬೇಕು. ಎಂಟು ಅಡಿ ಸರಿಸಿದರೆ ಎರಡು ಇಂಚು ಇಳಿಸಬೇಕು. ನೆಲದಲ್ಲಿ ಅಷ್ಟು ಆಳ ಇಲ್ಲದಿದ್ದರೆ ನೀರು ಕಟ್ಟಿಕೊಳ್ಳುತ್ತಲೇ ಇರುತ್ತದೆ.

ಗೋಡೆ ತೆರೆದರೆ ಹೊಗೆ, ಎಣ್ಣೆ ಜಿಡ್ಡು, ವಾಸನೆ ಎಲ್ಲ ಸೋಫಾದವರೆಗೂ ಹೋಗುತ್ತವೆ. ಹಾಗಾಗಿ ಚಿಮಣಿಯ ಪೈಪು ಮನೆಯಿಂದ ಹೊರಗೆ ಹೋಗಲೇಬೇಕು, ಆದಷ್ಟು ನೇರವಾಗಿ. ತಿರುವು ಜಾಸ್ತಿಯಾದಷ್ಟೂ ಎಳೆತ ಕಮ್ಮಿ. ಗಾಳಿ ಸೋಸಿ ಒಳಗೇ ಬಿಡುವ ಚಿಮಣಿ ಜಿಡ್ಡು, ಸ್ವಲ್ಪ ವಾಸನೆ ಹಿಡಿಯುತ್ತದೆ ಅಷ್ಟೇ. ಬಿಸಿ ಮತ್ತು ಹಬೆ ಮನೆಯಲ್ಲೇ ಉಳಿಯುತ್ತವೆ.

ಇನ್ನು ಅಡುಗೆಮನೆಯ ನಡುವೆ, ಗೋಡೆಗೆ ತಾಗದೆ ನಿಲ್ಲುವ ಒಂದು ಐಲ್ಯಾಂಡ್ ಕಟ್ಟೆ ಬೇಕು ಅನ್ನುವ ಆಸೆ. ಅದಕ್ಕೆ ನಾನು ಇಲ್ಲ ಅನ್ನುವುದಿಲ್ಲ. ರಟ್ಟಿನ ಡಬ್ಬಗಳನ್ನು ಅಷ್ಟೇ ಉದ್ದ, ಅಗಲ, ಎತ್ತರಕ್ಕೆ ಜೋಡಿಸಿ, ಒಂದು ವಾರ ಅದರ ಸುತ್ತ ಅಡುಗೆ ಮಾಡಿ ನೋಡಿ ಅನ್ನುತ್ತೇನೆ. ಮೊದಲು ಹೇಳಿದ ಆ ಮನೆಯಲ್ಲೂ ಹೀಗೇ ಜೋಡಿಸಿದ್ದೆವು. ಮೂರನೇ ದಿನ ಹೋದಾಗ ಡಬ್ಬಗಳೆಲ್ಲ ಬಾಲ್ಕನಿ ಸೇರಿದ್ದವು. ಐಲ್ಯಾಂಡ್ ಬೇಡ, ಅರ್ಧ ಗೋಡೆಯ ಮೇಲೇ ಒಂದು ಅಗಲದ ಹಲಗೆ ಕೂರಿಸಿಬಿಡಿ ಅಂದರು.